ಎರಡು ಪಾಳಿಯ ರಾತ್ರಿ

ಬನಹಟ್ಟಿಯ ನಮ್ಮ ಮನೆಯ ಮುಂದಿನ ಅಂಕಣದಲ್ಲಿ ಎರಡು ಪವರ್‌ಲೂಮ್‌ಗಳಿವೆ. ಮಗಳು ಹುಟ್ಟಿದ ಮೊದಲ ಆರು ವಾರಗಳಲ್ಲಿ ಎಳೆ ಕಡಿದದ್ದು ಕಣ್ಣಿಗೆ ಕಂಡರೂ ಕೈ ಮಗ್ಗವನ್ನು ನಿಲ್ಲಿಸುವಷ್ಟರಲ್ಲಿ ಗೇಣುದ್ದ ಬಟ್ಟೆ ಹಾಳಾಗಿರುತ್ತಿತ್ತು. ಲೆಕ್ಕ ಬರೆದಿಟ್ಟಿಲ್ಲ, ಕೂಲಿಯಲ್ಲಿ ಸುಮಾರು 3,000 ರೂಪಾಯಿ ಮುರಿದಿರಬೇಕು.

ಅತ್ತೆಯವರ ಮೊಣಕಾಲಿನ ಶಸ್ತ್ರಚಿಕಿತ್ಸೆಯ ಕಾರಣ ಬಾಣಂತನವು ತವರಿನ ಬದಲು ನಮ್ಮಲ್ಲೇ ನಡೆಯಿತು. ಎರಡು ತಾಸಿಗೊಮ್ಮೆ ಕೂಸು ಎದ್ದಾಗಲೆಲ್ಲ ಹೆಂಡತಿಯ ಜೊತೆ ನಾನೂ ಏಳುತ್ತಿದ್ದೆ. ಫಲವೆಂದರೆ ಒಬ್ಬರ ಬದಲು ಇಬ್ಬರೂ ನಿದ್ದೆಗೆಟ್ಟೆವು. 'ಕೂಸು ಮಲಗಿದಾಗ ನೀನೂ ಮಲಗು' ಎಂದವರೇ ಮಧ್ಯಾಹ್ನ ಕೂಸನ್ನು ನೋಡಲು ಬಂದು ಚಹಾಕ್ಕೆ ಕುಳಿತಿರುತ್ತಿದ್ದರು. 4,500 ರೂಪಾಯಿ ಕೊಟ್ಟು ತಂದ ವಿದ್ಯುತ್ ತೊಟ್ಟಿಲು ತೂಗಿದ್ದಕ್ಕಿಂತ ಕಿರುಗುಟ್ಟಿದ್ದೇ ಹೆಚ್ಚು. ಈಗ ಅದರಲ್ಲಿ ಕಂಡಿಕೆಗಳನ್ನು, ಅಂದರೆ ಅಡ್ಡನೂಲು ಸುತ್ತುವ ಕೊಳವೆಗಳನ್ನು, ತುಂಬಿಟ್ಟಿದ್ದೇವೆ.

ಏಳನೆಯ ವಾರ ರಾತ್ರಿಯನ್ನು ಪಾಳಿ ಮಾಡಿದೆವು. ಒಂಬತ್ತಕ್ಕೆ ಹಾಲುಣಿಸಿ, ಒಳಕೋಣೆಯ ಬಾಗಿಲು ಮುಚ್ಚಿಕೊಂಡು ಎರಡರವರೆಗೆ ಹೆಂಡತಿ ಮಲಗಬೇಕು. ಎರಡರಿಂದ ಏಳರವರೆಗೆ ನಾನು ಮಲಗಬೇಕು. ನಡುರಾತ್ರಿಯ ಹಾಲಿಗೆಂದು ಜಮಖಂಡಿಯಿಂದ ಎದೆಹಾಲು ತೆಗೆಯುವ 1,800ರ ಕೈಪಂಪು ತಂದೆವು. ಏಪ್ರಿಲ್ ಬಿಸಿಲಿನಲ್ಲಿ ಹಾಲನ್ನು ಹೊರಗಿಡುವ ಮಾತೇ ಇರಲಿಲ್ಲ; ತೆಗೆದ ಕೂಡಲೇ ಫ್ರಿಜ್ಜಿನಲ್ಲಿಟ್ಟು, ಬೇಕಾದಾಗ ಬಿಸಿನೀರಿನ ಬಟ್ಟಲಲ್ಲಿ ಬೆಚ್ಚಗೆ ಮಾಡಿ, ಮರುದಿನದೊಳಗೆ ಮುಗಿಸುತ್ತಿದ್ದೆವು. ಮೊದಲ ನಾಲ್ಕು ರಾತ್ರಿ ಪೂರ್ತಿ ಸೋಲು: ಮಗಳು ಚಮಚದ ಹಾಲನ್ನು ಉಗುಳಿದಳು, ಅಳು ಕೇಳಿ ಹೆಂಡತಿ ಹೊರಬಂದಳು. 'ಗಂಡಸು ರಾತ್ರಿಯೆಲ್ಲ ಕೂಸು ಹಿಡಿದು ಕೂತರೆ ಮಗ್ಗ ನಡೆಸುವವರ‍್ಯಾರು?' ಎಂದು ಅವ್ವ ಕೇಳಿದಳು. ಐದನೆಯ ರಾತ್ರಿ ಸುಮಾರು 60 ಮಿಲಿಲೀಟರ್ ಒಳಗೆ ಹೋಯಿತು. ಅದಕ್ಕೆ ಬಳಸಿದ ಉಪಾಯವನ್ನು ಓಣಿಯ ಇಬ್ಬರಿಗೆ ಮಾತ್ರ ಹೇಳಿದ್ದೇನೆ, ಇಲ್ಲಿ ಬರೆಯುವುದಿಲ್ಲ.

ಹನ್ನೊಂದಕ್ಕೆ ಚಹಾ ಕುಡಿದು ಎಚ್ಚರವಿದ್ದೇನೆಂದು ಬೀಗಿದ್ದು ಇನ್ನೊಂದು ತಪ್ಪು. ಅದರ ಕೆಫೀನ್ ಅರ್ಧಕ್ಕಿಳಿಯಲು ಸಾಮಾನ್ಯವಾಗಿ ಸುಮಾರು ಐದು ತಾಸು ಬೇಕು. ನನ್ನ ಪಾಳಿ ಮುಗಿದರೂ ಜಂತಿ ಎಣಿಸುತ್ತ ಬಿದ್ದಿರುತ್ತಿದ್ದೆ. ಹಾಗೆಂದು ಚಹಾ ಬಿಟ್ಟ ಮೊದಲ ರಾತ್ರಿಯೇ ಕೂಸನ್ನು ಎದೆಗೊರಗಿಸಿಕೊಂಡು ಕುರ್ಚಿಯಲ್ಲಿ ತೂಕಡಿಸಿದೆ. ಉಸಿರುಗಟ್ಟಿಸುವ ಅಪಾಯವಿದು ಎಂದು ಗೊತ್ತಿದ್ದೂ ಕಣ್ಣು ಮುಚ್ಚಿತ್ತು. ಮರುದಿನದಿಂದ ಮಗಳನ್ನು ಕೌದಿ, ದಿಂಬುಗಳಿಲ್ಲದ ಗಟ್ಟಿ ಹಾಸಿಗೆಯಲ್ಲಿ ಅಂಗಾತ ಮಲಗಿಸಿ, ಪಕ್ಕದಲ್ಲಿ ನೆಲಕ್ಕೆ ಕುಳಿತು ಕೈರಾಟಿಯಲ್ಲಿ ಕಂಡಿಕೆ ಸುತ್ತತೊಡಗಿದೆ. ಮೊಬೈಲಿನಲ್ಲಿ ಹಿಡಿದಿಟ್ಟ ಮಗ್ಗದ ಸದ್ದನ್ನು ಹಿಂದೆಯೇ ಕೇಳಿಸಿ ನೋಡಿದ್ದೆ, ನಡುವೆ ಕರೆ ಬಂದು ಕೆಟ್ಟಿತ್ತು. ರಾಟಿಯ ಗುಂಯ್‌ಗುಡುವಿಕೆಗೆ ಮಾತ್ರ ಮಗಳು ಹತ್ತು ನಿಮಿಷದಲ್ಲಿ ಮಲಗುತ್ತಿದ್ದಳು. ರಾಟಿಯ ವೇಗ ಹೆಚ್ಚಿಸಿದರೆ ಕಣ್ಣು ತೆರೆಯುತ್ತಿದ್ದಳು.

ಹೀಗೆ ಇಬ್ಬರಿಗೂ ನಾಲ್ಕೂವರೆ ತಾಸಿನ ಮುರಿಯದ ನಿದ್ದೆ ದಕ್ಕಿತು, ಬೆಳಗಿನ ಮಗ್ಗಕ್ಕೆ ಕಂಡಿಕೆಯೂ ಸಿದ್ಧವಾಗಿರುತ್ತಿತ್ತು. ಮುಂದಿನ ತಿಂಗಳು ಕೆಟ್ಟದ್ದು ಒಂದೇ ಸೀರೆ. ಈಗ ರವಿವಾರದ ಮೊದಲ ಪಾಳಿಯನ್ನು ಅವ್ವ ಯಾರಿಗೂ ಬಿಟ್ಟುಕೊಡುವುದಿಲ್ಲ.