ಹೊಸ ಗಾದಿಗೆ ಎಷ್ಟು ಖರ್ಚು ಮಾಡಬೇಕು: ಮನೆಯಲ್ಲಿಯೇ ಹಾಕಿಕೊಳ್ಳಬೇಕಾದ ಲೆಕ್ಕ

ಹುಬ್ಬಳ್ಳಿಯ ಗೋಕುಲ ರಸ್ತೆಯ ಷೋರೂಮಿಗೆ ಹೋದರೂ, ದುರ್ಗದಬೈಲಿನ ಕಡೆಯ ಸಣ್ಣ ಅಂಗಡಿಗೆ ಹೋದರೂ, ಗಾದಿ ಮಾರುವವರು ಮೊದಲು ಕೇಳುವ ಪ್ರಶ್ನೆ ಒಂದೇ: ‘ನಿಮ್ಮ ಬಜೆಟ್ ಎಷ್ಟೈತ್ರಿ?’ ಯೋಚಿಸದೆ ಹದಿನೈದು ಸಾವಿರ ಎಂದುಬಿಟ್ಟರೆ, ಅದಕ್ಕಿಂತ ಕಡಿಮೆಯ ಗಾದಿ ಆಮೇಲೆ ಆ ಅಂಗಡಿಯಲ್ಲಿ ಕಣ್ಣಿಗೇ ಬೀಳುವುದಿಲ್ಲ; ಹದಿನೆಂಟರ, ಇಪ್ಪತ್ತೆರಡರ ಮಾಲುಗಳೇ ಒಂದರ ಹಿಂದೊಂದು ಹೊರಗೆ ಬರುತ್ತವೆ. ಆದ್ದರಿಂದ ಮೊತ್ತವನ್ನು ಅಂಗಡಿಯಲ್ಲಲ್ಲ, ಮನೆಯಲ್ಲಿ, ಟೇಪು ಮತ್ತು ಕಾಗದ ಹಿಡಿದು ನಿರ್ಧರಿಸಬೇಕು. ಹಾಗೆ ನಿರ್ಧರಿಸುವಾಗ ಗಾದಿಯ ಹೆಸರು, ಮೇಲಿನ ಬಟ್ಟೆಯ ಹೊಳಪು ಇವೆಲ್ಲವನ್ನೂ ಬದಿಗಿಟ್ಟು, ಒಳಗೆ ಏನು ತುಂಬಿದ್ದಾರೆ, ಅದು ಎಷ್ಟು ವರ್ಷ ಕುಸಿಯದೆ ನಿಲ್ಲುತ್ತದೆ ಎಂಬ ಎರಡೇ ಸಂಗತಿಗಳಿಗೆ ಹಣ ಕೊಡುತ್ತಿದ್ದೇವೆ ಎಂದು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ.

ಮೊದಲು, ಈಗಿರುವ ಗಾದಿ ನಿಜವಾಗಿಯೂ ಕೆಟ್ಟಿದೆಯೇ ಎಂದು ಪರೀಕ್ಷಿಸಿ. ಚಾದರ ತೆಗೆದು, ಗಾದಿಯ ಒಂದು ಅಂಚಿನಿಂದ ಎದುರಿನ ಅಂಚಿಗೆ ದಾರವನ್ನು ಬಿಗಿಯಾಗಿ ಹಿಡಿಸಿ, ನೀವು ಮಲಗುವ ಜಾಗದಲ್ಲಿ ದಾರಕ್ಕೂ ಗಾದಿಗೂ ನಡುವೆ ಎಷ್ಟು ತಗ್ಗು ಇದೆ ಎಂದು ಸ್ಕೇಲಿನಿಂದ ಅಳೆಯಿರಿ. ತಗ್ಗು ಒಂದು ಇಂಚು ದಾಟಿದ್ದರೆ ಗಾದಿಯ ಒಳಭಾಗ ಸೋತಿದೆ ಎಂದೇ ಅರ್ಥ. ಆದರೆ ಅಷ್ಟಕ್ಕೇ ನಿಲ್ಲದೆ ಗಾದಿಯನ್ನು ಕೆಳಗಿಳಿಸಿ, ಮಂಚದ ಪ್ಲೈವುಡ್ ಮೇಲೆಯೂ ಅದೇ ದಾರವನ್ನು ಹಿಡಿದು ನೋಡಬೇಕು, ಏಕೆಂದರೆ ಎಷ್ಟೋ ಮನೆಗಳಲ್ಲಿ ಬಾಗಿರುವುದು ಗಾದಿಯಲ್ಲ, ಹಲಗೆ. ಹಾಗಿದ್ದರೆ ಬಡಗಿಯನ್ನು ಕರೆಸಿ ಒಂದು ಪಟ್ಟಿ ಹೊಡೆಸಿದರೆ ಮುಗಿಯಿತು; ಹಲಗೆ ಸರಿಪಡಿಸದೆ ಮೂವತ್ತು ಸಾವಿರದ ಗಾದಿ ತಂದು ಹಾಕಿದರೂ ಅದು ವರ್ಷದೊಳಗೆ ಅದೇ ಆಕಾರಕ್ಕೆ ಬಾಗುತ್ತದೆ.

ಹತ್ತಿಯ ಗಾದಿಯಾದರೆ ಹೊಸದನ್ನು ಕೊಳ್ಳುವ ಮಾತೇ ಬಹಳ ಸಲ ಬೇಕಾಗುವುದಿಲ್ಲ. ಹತ್ತಿ ಬೆಳೆಯುವ ಈ ಸೀಮೆಯಲ್ಲಿ ಗಾದಿ ಬಿಚ್ಚಿ, ಗಂಟುಗಟ್ಟಿದ ಅರಳೆಯನ್ನು ಹಿಂಜಿ, ಹೊಸ ಬಟ್ಟೆಯಲ್ಲಿ ತುಂಬಿ ಹೊಲಿದು ಕೊಡುವ ಪಿಂಜಾರರ ಅಂಗಡಿಗಳು ಹುಬ್ಬಳ್ಳಿ, ಗದಗ-ಬೆಟಗೇರಿ, ಹಾವೇರಿಗಳಲ್ಲಿ ಇನ್ನೂ ಉಳಿದಿವೆ. ಮೂರು ಅಡಿ ಅಗಲ, ಆರು ಅಡಿ ಉದ್ದದ ಒಂಟಿ ಗಾದಿಗೆ ಸುಮಾರು ಎಂಟರಿಂದ ಹತ್ತು ಕಿಲೊ ಹತ್ತಿ ಹಿಡಿಯುತ್ತದೆ. ಹಳೆಯ ಹತ್ತಿ ಒಳ್ಳೆಯದಿದ್ದರೆ ಹಿಂಜುವಾಗ ಹೋಗುವ ಧೂಳಿನ ಲೆಕ್ಕಕ್ಕೆ ಒಂದೆರಡು ಕಿಲೊ ಹೊಸ ಅರಳೆ ಸೇರಿಸಿದರೆ ಸಾಕು, ಖರ್ಚು ಹೊಸ ಗಾದಿಯ ಒಂದು ಭಾಗದಷ್ಟೇ ಬರುತ್ತದೆ. ಹಿಂಜುವಾಗ ಎದುರಿಗೆ ನಿಂತಿರುವುದು ಒಳ್ಳೆಯದು; ಇದನ್ನು ಯಾರ ಮೇಲಿನ ಅನುಮಾನದಿಂದಲೂ ಹೇಳುತ್ತಿಲ್ಲ, ನಿಮ್ಮ ಹತ್ತಿ ನಿಮಗೇ ಮರಳಬೇಕೆಂಬ ಕಾರಣಕ್ಕೆ ಹೇಳುತ್ತಿದ್ದೇನೆ. ಸಿದ್ಧ ಹತ್ತಿ ಗಾದಿ ಕೊಳ್ಳುವುದಾದರೆ ಒಂದು ಮೂಲೆಯ ಹೊಲಿಗೆ ಬಿಚ್ಚಿಸಿ, ಒಂದು ಹಿಡಿ ಹೊರಗೆಳೆದು ನೋಡಬೇಕು. ಬಿಳಿಯ ಎಳೆಗಳ ಬದಲು ಬಣ್ಣಬಣ್ಣದ ಚೂರುಗಳು, ದಾರದ ತುಂಡುಗಳು ಕಂಡರೆ ಅದು ಬಟ್ಟೆಯ ಚಿಂದಿಯನ್ನು ಹಿಂಜಿ ತುಂಬಿದ ಮಾಲು, ಅದಕ್ಕೆ ಹತ್ತಿಯ ದರ ಕೊಡಬೇಕಾಗಿಲ್ಲ.

ಹೊಸದು ಬೇಕೇ ಬೇಕು ಎಂದಾದ ಮೇಲೆ ವರ್ಷಗಳ ಲೆಕ್ಕಕ್ಕೆ ಬರೋಣ. ಎಂಟು ವರ್ಷವೆಂದರೆ 2,920 ರಾತ್ರಿ. 16,000 ರೂಪಾಯಿಯ ಗಾದಿ ಎಂಟು ವರ್ಷ ಬಾಳಿದರೆ ರಾತ್ರಿಗೆ ಸುಮಾರು ಐದೂವರೆ ರೂಪಾಯಿ ಬೀಳುತ್ತದೆ. 9,000 ರೂಪಾಯಿಯದು ನಾಲ್ಕೇ ವರ್ಷದಲ್ಲಿ ಕುಸಿದರೆ ರಾತ್ರಿಗೆ ಆರು ರೂಪಾಯಿಗಿಂತ ಹೆಚ್ಚು, ಅಂದರೆ ಅಗ್ಗದ್ದೇ ತುಟ್ಟಿಯಾಯಿತು. ಅಂಗಡಿಯವರೂ ಇದೇ ಲೆಕ್ಕವನ್ನು ಹೇಳಿ, ದಿನಕ್ಕೊಂದು ಚಹಾದ ಖರ್ಚಷ್ಟೇ ಎನ್ನುತ್ತ 32,000 ರೂಪಾಯಿಯ ಗಾದಿಯತ್ತ ಕರೆದೊಯ್ಯುತ್ತಾರೆ. ಆದರೆ ಬೆಲೆ ಎರಡು ಪಟ್ಟಾದರೆ ಬಾಳಿಕೆ ಎರಡು ಪಟ್ಟಾಗುವುದಿಲ್ಲ ಎಂಬುದನ್ನು ಅವರು ಹೇಳುವುದಿಲ್ಲ. ಒಳ್ಳೆಯ ಫೋಮ್ ಗಾದಿಗೆ ಏಳೆಂಟು ವರ್ಷ, ಸಾಧಾರಣ ತೆಂಗಿನ ನಾರಿನ ಗಾದಿಗೆ ಐದಾರು ವರ್ಷ, ರಬ್ಬರ್ ಹಾಲಿನಿಂದ ಮಾಡಿದ ನಿಜವಾದ ಲೇಟೆಕ್ಸ್ ಗಾದಿಗೆ ಹತ್ತು ವರ್ಷಕ್ಕಿಂತ ಹೆಚ್ಚು ಎಂದು ಹಿಡಿದು ಭಾಗಿಸಿದರೆ ಮೋಸ ಹೋಗುವ ಸಂಭವ ಕಡಿಮೆ. ಗ್ಯಾರಂಟಿ ಕಾರ್ಡಿನಲ್ಲಿ ಬರೆದ ವರ್ಷಗಳಿಂದ ಭಾಗಿಸಬಾರದು.

ಯಾರು ಮಲಗುತ್ತಾರೆ ಎಂಬುದರ ಮೇಲೂ ಮೊತ್ತ ಬದಲಾಗಬೇಕು. ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗಿಗೆಂದು ಒಂದೆರಡು ವರ್ಷ ರೂಮು ಮಾಡಿರುವ ಹುಡುಗನಿಗೆ ಎಂಟು ವರ್ಷ ಬಾಳುವ ಗಾದಿಯಿಂದ ಪ್ರಯೋಜನವಿಲ್ಲ. ಒಂದು ಹತ್ತಿ ಗಾದಿಯೋ ನಾಲ್ಕು ಇಂಚಿನ ಫೋಮೋ ಅವನಿಗೆ ಧಾರಾಳವಾಯಿತು. ವರ್ಷಕ್ಕೆ ನಾಲ್ಕಾರು ದಿನ ಬೀಗರು ಬಂದಾಗ ಮಾತ್ರ ಹಾಸುವ ಗಾದಿಗೂ ಇದೇ ಮಾತು. ದಿನವೂ ಇಬ್ಬರು ದೊಡ್ಡವರು ಮಲಗುವ ಮಂಚಕ್ಕೆ, ಅದರಲ್ಲೂ ಒಬ್ಬರ ತೂಕ ಎಂಬತ್ತು ಕಿಲೊ ದಾಟಿದ್ದರೆ, ಹಣ ಕೊಡಲು ಹಿಂಜರಿಯಬಾರದು, ಏಕೆಂದರೆ ತೆಳುವಾದ ಅಥವಾ ಹಗುರವಾದ ಫೋಮ್ ಮೊದಲು ಸೋಲುವುದು ಅಲ್ಲಿಯೇ. ವಯಸ್ಸಾದವರ ವಿಷಯದಲ್ಲಿ ದಪ್ಪಕ್ಕೆ ಹಣ ಕೊಡುವುದು ತಿರುಗುಬಾಣವಾಗುತ್ತದೆ: ಅಜ್ಜಿ ಮಂಚದ ಅಂಚಿಗೆ ಕೂತಾಗ ಎರಡೂ ಪಾದಗಳು ಪೂರ್ತಿಯಾಗಿ ನೆಲಕ್ಕೆ ತಾಗಬೇಕು. ಎತ್ತರದ ಮಂಚದ ಮೇಲೆ ಹತ್ತು ಇಂಚಿನ ಗಾದಿ ಹಾಕಿದರೆ ಆಕೆ ರಾತ್ರಿ ಏಳುವಾಗ ಜಾರಿ ಬೀಳುವ ಭಯವಿರುತ್ತದೆ. ಅಲ್ಲಿ ಐದು ಇಂಚೇ ಒಳ್ಳೆಯದು, ಅದು ಅಗ್ಗವೂ ಹೌದು.

ಇನ್ನು ಒಳಗಿನ ಮಾಲು. ಫೋಮಿನ ಗುಣವನ್ನು ಡೆನ್ಸಿಟಿಯಿಂದ, ಅಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೊ ತೂಗುತ್ತದೆ ಎಂಬುದರಿಂದ ಅಳೆಯುತ್ತಾರೆ. ಡೆನ್ಸಿಟಿ ಹೆಚ್ಚಿದ್ದರೆ ಗಾದಿ ಗಟ್ಟಿ ಎಂದು ಹಲವರು ತಿಳಿಯುತ್ತಾರೆ, ಅದು ಸರಿಯಲ್ಲ. ಡೆನ್ಸಿಟಿ ಹೇಳುವುದು ಮುಖ್ಯವಾಗಿ ಬಾಳಿಕೆಯನ್ನು. ದಿನನಿತ್ಯದ ಬಳಕೆಗೆ ಮೂವತ್ತೆರಡಕ್ಕಿಂತ ಕೆಳಗಿನ ಸಾದಾ ಫೋಮ್ ಬೇಡ, ನಲವತ್ತರ ಆಸುಪಾಸು ಇದ್ದರೆ ನೆಮ್ಮದಿ. ಫೋಮಿನ ಚೂರುಗಳನ್ನು ಒತ್ತಿ ಅಂಟಿಸಿ ಮಾಡಿದ ರೀಬಾಂಡೆಡ್ ಪದರದ ಡೆನ್ಸಿಟಿ ಎಂಬತ್ತು, ತೊಂಬತ್ತು ಎಂದು ಹೇಳುತ್ತಾರೆ. ಅದು ಬೇರೆ ಜಾತಿಯ ಮಾಲಾದ್ದರಿಂದ ಆ ಅಂಕಿಯನ್ನು ಸಾದಾ ಫೋಮಿನ ನಲವತ್ತಕ್ಕೆ ಹೋಲಿಸಬಾರದು.

ಹೇಳಿದ ಡೆನ್ಸಿಟಿ ನಿಜವೇ ಎಂದು ತಿಳಿಯಲು ಒಂದು ಸರಳ ಲೆಕ್ಕವಿದೆ, ಇದನ್ನು ಕಾಗದದಲ್ಲಿ ಬರೆದುಕೊಂಡೇ ಹೋಗಿ. ಗಾದಿಯ ಉದ್ದ, ಅಗಲ, ದಪ್ಪಗಳನ್ನು ಇಂಚಿನಲ್ಲಿ ಗುಣಿಸಿ 61,000 ದಿಂದ ಭಾಗಿಸಿದರೆ ಘನ ಮೀಟರ್ ಸಿಗುತ್ತದೆ. 75 ಇಂಚು ಉದ್ದ, 60 ಇಂಚು ಅಗಲ, 6 ಇಂಚು ದಪ್ಪದ ಗಾದಿಯಾದರೆ ಗುಣಲಬ್ಧ 27,000, ಘನ ಅಳತೆ ಸುಮಾರು 0.44. ಇಡೀ ಗಾದಿ ನಲವತ್ತು ಡೆನ್ಸಿಟಿಯ ಫೋಮ್ ಎಂದಾದರೆ ಅದು ಸುಮಾರು ಹದಿನೇಳೂವರೆ ಕಿಲೊ ತೂಗಬೇಕು, ಮೂವತ್ತೆರಡಾದರೆ ಹದಿನಾಲ್ಕು. ಕವರಿನ ತೂಕ ಇದಕ್ಕೆ ಹೆಚ್ಚುವರಿ. ಗಾದಿಯನ್ನು ತೂಗಿಸಿದಾಗ ಹನ್ನೆರಡೇ ಕಿಲೊ ಬಂದರೆ ‘ಫಾರ್ಟಿ ಡೆನ್ಸಿಟಿ’ ಎಂಬ ಮಾತು ಸುಳ್ಳೆಂದು ಅಲ್ಲಿಯೇ ಗೊತ್ತಾಗುತ್ತದೆ. ಆದರೆ ತೂಕ ಸರಿಯಾಗಿ ಬಂದ ಮಾತ್ರಕ್ಕೆ ಮಾಲು ಚೊಕ್ಕವೆಂದೂ ಅಲ್ಲ, ಏಕೆಂದರೆ ಫೋಮ್ ತಯಾರಿಸುವಾಗ ಸುಣ್ಣದ ಕಲ್ಲಿನ ಪುಡಿ ಬೆರೆಸಿ ತೂಕ ಏರಿಸುವ ರೂಢಿ ಅಗ್ಗದ ಮಾಲಿನಲ್ಲಿ ಇದೆ. ಅಂಥ ಫೋಮನ್ನು ಮುಷ್ಟಿಯಲ್ಲಿ ಬಲವಾಗಿ ಒತ್ತಿ ಬಿಟ್ಟರೆ ಚುರುಕಾಗಿ ಮೇಲೇಳುವುದಿಲ್ಲ, ಅಂಚನ್ನು ಉಜ್ಜಿದರೆ ಬೆರಳಿಗೆ ಪುಡಿ ಹತ್ತುತ್ತದೆ. ಇದಕ್ಕಾಗಿಯೇ ಕವರಿಗೆ ಜಿಪ್ ಇರುವ ಗಾದಿಗೆ ಐದುನೂರು ಹೆಚ್ಚು ಕೊಟ್ಟರೂ ತಪ್ಪಲ್ಲ. ತೆರೆದು ತೋರಿಸಲು ಒಪ್ಪದ ಗಾದಿಗೆ ಹೆಚ್ಚು ದರ ಕೊಡುವುದು ನನಗಂತೂ ಸರಿ ಕಾಣುವುದಿಲ್ಲ.

ದರಗಳು ಅಂಗಡಿಯಿಂದ ಅಂಗಡಿಗೆ, ಹಬ್ಬದಿಂದ ಹಬ್ಬಕ್ಕೆ ಬದಲಾಗುತ್ತವೆ. ಆದರೂ ಇಬ್ಬರು ಮಲಗುವ ಆರು ಇಂಚಿನ ಗಾದಿಗೆ ನಾರು ಅಥವಾ ರೀಬಾಂಡೆಡ್ ಆದರೆ ಎಂಟರಿಂದ ಹದಿನೈದು ಸಾವಿರ, ಒಳ್ಳೆಯ ಫೋಮ್ ಮತ್ತು ಮೈಯ ಆಕಾರಕ್ಕೆ ತಗ್ಗುವ ಮೆಮೊರಿ ಫೋಮ್ ಆದರೆ ಹತ್ತರಿಂದ ಇಪ್ಪತ್ತು ಸಾವಿರ, ಪಾಕೆಟ್ ಸ್ಪ್ರಿಂಗ್ (ಒಂದೊಂದು ಸ್ಪ್ರಿಂಗೂ ಬೇರೆ ಬೇರೆ ಬಟ್ಟೆಯ ಚೀಲದಲ್ಲಿರುವ ಗಾದಿ) ಆದರೆ ಹದಿನೈದರಿಂದ ಮೇಲೆ, ಲೇಟೆಕ್ಸ್ ಆದರೆ ಇಪ್ಪತ್ತೈದರಿಂದ ಮೇಲೆ ಎಂಬ ಅಂದಾಜು ಇಟ್ಟುಕೊಂಡು ಹೊರಡಬಹುದು. ನನ್ನ ಅಭಿಪ್ರಾಯದಲ್ಲಿ ಸಾಧಾರಣ ಸಂಸಾರಕ್ಕೆ ಹನ್ನೆರಡರಿಂದ ಹದಿನೆಂಟು ಸಾವಿರದ ನಡುವೆ ಕೊಟ್ಟ ಹಣಕ್ಕೆ ಅತಿ ಹೆಚ್ಚು ಬೆಲೆ ಬರುತ್ತದೆ. ಅದರಾಚೆಗೆ ಕೊಡುವ ಪ್ರತಿ ಸಾವಿರದಲ್ಲಿ ದೊಡ್ಡ ಪಾಲು ದಪ್ಪಕ್ಕೆ, ಬಟ್ಟೆಗೆ, ಹೆಸರಿಗೆ ಹೋಗುತ್ತದೆ. ಲೇಟೆಕ್ಸ್ ಮಾತ್ರ ಇದಕ್ಕೆ ಅಪವಾದ, ಅಲ್ಲಿ ಮಾಲೇ ತುಟ್ಟಿ.

ಹವೆಯನ್ನೂ ಗಮನಿಸಬೇಕು. ಮೆಮೊರಿ ಫೋಮ್ ಶಾಖಕ್ಕೆ ಮೆತ್ತಗಾಗಿ, ಚಳಿಗೆ ಗಟ್ಟಿಯಾಗುವ ವಸ್ತು. ರೋಣ, ಮುಂಡರಗಿಗಳ ಏಪ್ರಿಲ್ ತಿಂಗಳಲ್ಲಿ, ಫ್ಯಾನು ಮಾತ್ರ ಇರುವ ಕೋಣೆಯಲ್ಲಿ, ಅದು ಬೆನ್ನಿನ ಕೆಳಗೆ ಬಿಸಿಯನ್ನು ಹಿಡಿದಿಡುತ್ತದೆ. ಅಂಥ ಮನೆಗೆ ಗಾಳಿಯಾಡುವ ನಾರಿನ ಗಾದಿ ಅಥವಾ ಸ್ಪ್ರಿಂಗ್ ವಾಸಿ. ಧಾರವಾಡ, ಕಲಘಟಗಿ, ಹಾನಗಲ್ ಕಡೆ ಮಳೆಗಾಲದ ತಂಪಿಗೆ ಹತ್ತಿ ಗಾದಿ ನೀರು ಹೀರಿ ಭಾರವಾಗುತ್ತದೆ, ವಾರಗಟ್ಟಲೆ ಬಿಸಿಲು ಕಾಣದಿದ್ದರೆ ಮುಗ್ಗಲು ವಾಸನೆ ಬರುತ್ತದೆ. ಅದನ್ನು ಮಾಳಿಗೆಗೆ ಹೊತ್ತು ಒಣಹಾಕುವವರು ಮನೆಯಲ್ಲಿ ಇದ್ದಾರೆಯೇ ಎಂದು ಕೇಳಿಕೊಂಡೇ ಹತ್ತಿಗೆ ಹೋಗಬೇಕು.

ಬೆನ್ನುನೋವಿದ್ದವರಿಗೆ ‘ಆರ್ಥೋಪೆಡಿಕ್’ ಎಂಬ ಹೆಸರಿನ ಮೇಲೆ ಮೂರು ನಾಲ್ಕು ಸಾವಿರ ಏರಿಸುತ್ತಾರೆ. ಅದು ಕಂಪನಿ ತಾನೇ ಇಟ್ಟುಕೊಂಡ ಹೆಸರು, ವೈದ್ಯರು ಕೊಟ್ಟದ್ದಲ್ಲ. ಗಟ್ಟಿ ಇದ್ದಷ್ಟೂ ಬೆನ್ನಿಗೆ ಒಳ್ಳೆಯದೆಂಬ ನಂಬಿಕೆಯನ್ನೂ ತಿದ್ದಿಕೊಳ್ಳಬೇಕು: ಸ್ಪೇನಿನಲ್ಲಿ ಬಹುಕಾಲದ ಸೊಂಟನೋವಿದ್ದ 313 ಜನರ ಮೇಲೆ ನಡೆದು 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬಹಳ ಗಟ್ಟಿಯಾದ ಗಾದಿಗಿಂತ ಮಧ್ಯಮ ಗಟ್ಟಿಯ ಗಾದಿಯಲ್ಲಿ ಮಲಗಿದವರಿಗೇ ನೋವು ಹೆಚ್ಚಾಗಿ ಇಳಿಯಿತು. ಮಧ್ಯಮ ಗಟ್ಟಿ ಎಂಬುದು ಎಲ್ಲ ದರದಲ್ಲಿಯೂ ಸಿಗುವ ಗುಣ. ಅಂಗಡಿಯಲ್ಲಿ ಚಪ್ಪಲಿ ಕಳಚಿ, ನಾಚಿಕೆಪಡದೆ, ಮನೆಯಲ್ಲಿ ಮಲಗುವ ಮಗ್ಗುಲಿಗೇ ಹತ್ತು ನಿಮಿಷ ಮಲಗಿ ನೋಡಿ. ಕೈಯಿಂದ ಒತ್ತಿ ನೋಡಿದರೆ ಏನೂ ತಿಳಿಯುವುದಿಲ್ಲ.

ಮದುವೆಗೆಂದು ಮಂಚ, ಗಾದಿ, ತಿಜೋರಿಗಳನ್ನು ಒಟ್ಟಿಗೆ ಕೊಳ್ಳುವಾಗ ‘ಗಾದಿ ಫ್ರೀ ಕೊಡ್ತೀವ್ರಿ’ ಎನ್ನುವುದು ಸಾಮಾನ್ಯ. ಮೂರು ವಸ್ತುಗಳಿಗೂ ಬೇರೆ ಬೇರೆ ದರ ಬರೆಸಿ, ಗಾದಿ ಬೇಡವೆಂದರೆ ಎಷ್ಟು ಇಳಿಸುತ್ತೀರಿ ಎಂದು ಕೇಳಿ. ಅವರು ಇಳಿಸುವ ಆ ಮೊತ್ತವೇ ಪುಕ್ಕಟೆ ಗಾದಿಯ ನಿಜವಾದ ಬೆಲೆ, ಅದು ಹೆಚ್ಚಿನ ಸಲ ಎರಡು ಮೂರು ಸಾವಿರ ದಾಟುವುದಿಲ್ಲ. ಎಂ.ಆರ್.ಪಿ. ಮೇಲೆ ಶೇಕಡಾ ನಲವತ್ತು ಸೋಡಿ ಎಂಬ ಫಲಕಕ್ಕೂ ಬೆಲೆ ಕೊಡಬೇಡಿ, ಸೋಡಿಯನ್ನು ಲೆಕ್ಕದಲ್ಲಿಟ್ಟುಕೊಂಡೇ ಎಂ.ಆರ್.ಪಿ. ಮುದ್ರಿಸಿರುತ್ತಾರೆ. ಎಂ.ಆರ್.ಪಿ.ಯಲ್ಲಿ ಎಲ್ಲ ತೆರಿಗೆಗಳೂ ಸೇರಿರುವುದರಿಂದ ಅದರ ಮೇಲೆ ಜಿ.ಎಸ್.ಟಿ. ಬೇರೆ ಎನ್ನುವುದಕ್ಕೆ ಅವಕಾಶವೇ ಇಲ್ಲ. ಬಡ್ಡಿಯಿಲ್ಲದ ಕಂತು ಎಂದಾಗ ನಗದು ಕೊಟ್ಟರೆ ಎಷ್ಟು ಎಂದು ಮೊದಲು ಕೇಳಿ, ವ್ಯತ್ಯಾಸವನ್ನೇ ಬಡ್ಡಿ ಎಂದು ತಿಳಿಯಿರಿ.

ಆನ್‌ಲೈನಿನಲ್ಲಿ ಅದೇ ಮಾಲು ಕಡಿಮೆಗೆ ಸಿಗುವುದುಂಟು, ನೂರು ರಾತ್ರಿ ಮಲಗಿ ನೋಡಿ ಮರಳಿಸಬಹುದು ಎಂಬ ಕರಾರೂ ಇರುತ್ತದೆ. ಆದರೆ ಸುತ್ತಿ ಪೆಟ್ಟಿಗೆಯಲ್ಲಿ ಬಂದ ಗಾದಿ ಒಮ್ಮೆ ಉಬ್ಬಿದ ಮೇಲೆ ಮತ್ತೆ ಪೆಟ್ಟಿಗೆಗೆ ಹೋಗುವುದಿಲ್ಲವಾದ್ದರಿಂದ, ಮರಳಿ ಒಯ್ಯಲು ಅವರೇ ವಾಹನ ಕಳಿಸಬೇಕು. ಆ ಸೌಲಭ್ಯ ನಿಮ್ಮ ಪಿನ್‌ಕೋಡಿಗೆ ಇದೆಯೇ ಎಂದು ಹಣ ಕಟ್ಟುವ ಮೊದಲು ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ. ಹುಬ್ಬಳ್ಳಿಗೆ ಇರುವ ಸೌಲಭ್ಯ ಶಿರಹಟ್ಟಿಗೂ ಹಿರೇಕೆರೂರಿಗೂ ಇದೆ ಎಂದು ಭಾವಿಸಬಾರದು.

ನಿರ್ಧರಿಸಿದ ಮೊತ್ತದಲ್ಲಿ ಎಲ್ಲವನ್ನೂ ಗಾದಿಗೇ ಸುರಿಯದೆ, ಹತ್ತನೆಯ ಒಂದು ಪಾಲನ್ನು ನೀರು ಇಳಿಯದ ಮೇಲ್ಗವಸು, ಸಾಗಾಟದ ಬಾಡಿಗೆ ಮತ್ತು ಮಹಡಿಗೆ ಹೊರುವ ಕೂಲಿಗೆಂದು ತೆಗೆದಿಡಿ. ಮೇಲ್ಗವಸು ಬರಿಯ ಸೌಖ್ಯದ ಮಾತಲ್ಲ: ಕಲೆಯಾದ ಗಾದಿಗೆ ಗ್ಯಾರಂಟಿ ಅನ್ವಯಿಸುವುದಿಲ್ಲ ಎಂಬ ಷರತ್ತು ಬಹುತೇಕ ಕಾರ್ಡುಗಳಲ್ಲಿ ಇರುತ್ತದೆ. ತಗ್ಗು ಎಷ್ಟು ಆಳವಾದರೆ ಬದಲಿಸಿ ಕೊಡುತ್ತಾರೆ, ಮೊದಲ ವರ್ಷದ ಆಮೇಲೆ ಬದಲಾವಣೆಗೆ ಎಷ್ಟು ಹಣ ಕೇಳುತ್ತಾರೆ ಎಂಬ ಎರಡು ಸಾಲುಗಳನ್ನು ಅಲ್ಲಿಯೇ ನಿಂತು ಓದಬೇಕು. ಬಿಲ್ಲಿನಲ್ಲಿ ಬರಿ ‘ಗಾದಿ ಒಂದು’ ಎಂದು ಬರೆಸಿಕೊಳ್ಳದೆ ಅಳತೆ, ದಪ್ಪ, ಒಳಗಿನ ಪದರಗಳು, ಡೆನ್ಸಿಟಿ ಇಷ್ಟನ್ನೂ ಬರೆಸಿ, ಅಂಗಡಿಯ ಮುದ್ರೆ ಹಾಕಿಸಿಕೊಳ್ಳಿ. ಮನೆಗೆ ಬಂದ ದಿನ ಟೇಪು ಹಿಡಿದು ದಪ್ಪ ಅಳೆದು, ಒಂದೆರಡು ಫೋಟೊ ತೆಗೆದಿಟ್ಟರೆ, ಮುಂದೆ ತಕರಾರು ಬಂದು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೋ ಜಿಲ್ಲಾ ಗ್ರಾಹಕ ಆಯೋಗಕ್ಕೋ ಹೋಗಬೇಕಾದಾಗ ತೋರಿಸಲು ಅವೇ ದಾಖಲೆಗಳಾಗುತ್ತವೆ.