ಎಂ416 ಹಿಡಿಯಬೇಕೋ, ಎಕೆಎಂ ಎತ್ತಬೇಕೋ: ಬಿಜಿಎಂಐನಲ್ಲಿ ರೈಫಲ್ ಆರಿಸುವ ಬಗೆ

ವಿಜಯಪುರದ ಗಾಂಧಿ ಚೌಕದ ಸುತ್ತಲಿನ ಚಹಾದಂಗಡಿಗಳಲ್ಲಿ ಸಂಜೆ ಹೊತ್ತು ನಾಲ್ವರು ಹುಡುಗರು ಮೊಬೈಲ್ ಹಿಡಿದು ಕೂತಿದ್ದರೆ, ಆಟ ಶುರುವಾದ ಎರಡೇ ನಿಮಿಷಕ್ಕೆ ಒಂದು ವಾದ ಕಿವಿಗೆ ಬೀಳುತ್ತದೆ. ಒಬ್ಬ ‘ಏ, ಆ ಎಕೆಎಂ ಒಗಿಯೋ, ಎಂ ಫೋರ್ ತಗೋ’ ಎನ್ನುತ್ತಾನೆ; ಎಂ ಫೋರ್ ಎಂದರೆ ಎಂ416. ಇನ್ನೊಬ್ಬ ‘ಡ್ಯಾಮೇಜ್ ನೋಡಲೇ, ಎಕೆಎಂ ಮುಂದ ಅದು ಯಾವ ಲೆಕ್ಕ’ ಎನ್ನುತ್ತಾನೆ. ಇಬ್ಬರ ಮಾತಿನಲ್ಲೂ ಸತ್ಯವಿದೆ, ಆದರೆ ಇಬ್ಬರೂ ಬಂದೂಕಿನ ಗುಣವನ್ನಷ್ಟೇ ಎಣಿಸುತ್ತಿದ್ದಾರೆ, ಅದನ್ನು ಹಿಡಿದ ಕೈಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ನಿಮ್ಮ ಕೈಯಲ್ಲಿ, ನಿಮ್ಮ ಮೊಬೈಲಿನಲ್ಲಿ, ಹತ್ತು ಗುಂಡು ಹಾರಿಸಿದರೆ ಎಷ್ಟು ಎದುರಾಳಿಗೆ ತಗಲುತ್ತವೆ ಎಂಬುದನ್ನು ಅಳೆದ ಮೇಲೆಯೇ ರೈಫಲ್ ಆರಿಸಬೇಕು. ಆ ಅಳತೆಯನ್ನು ಮಾಡಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದೆ.

ಕ್ರಾಫ್ಟನ್ ಸಂಸ್ಥೆಯು 2021ರ ಜುಲೈನಲ್ಲಿ ಭಾರತಕ್ಕೆಂದೇ ಬಿಡುಗಡೆ ಮಾಡಿದ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಅಂದರೆ ಬಿಜಿಎಂಐ ಆಟದಲ್ಲಿ ಎಲ್ಲರೂ ಬರಿಗೈಯಲ್ಲಿ ನೆಲಕ್ಕಿಳಿಯುತ್ತಾರೆ, ಕಿರಿದಾಗುತ್ತ ಹೋಗುವ ವರ್ತುಲದಲ್ಲಿ ಕೊನೆಯವರೆಗೆ ಉಳಿದವರು ಗೆಲ್ಲುತ್ತಾರೆ. ಬೇಕಾದ ಬಂದೂಕು ಸಿಗುವುದು ಅದೃಷ್ಟದ ಮಾತು. ಸಿಕ್ಕ ಎರಡು ಮೂರರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದು ಮಾತ್ರ ಆಟಗಾರನ ವಿವೇಚನೆಗೆ ಬಿಟ್ಟದ್ದು.

ಮೊದಲ ಹೆಜ್ಜೆ: ಹಾನಿಯ ಅಂಕಿಯನ್ನು ಗುಂಡುಗಳ ಲೆಕ್ಕಕ್ಕೆ ಇಳಿಸಿ

ಎಂ416 ರೈಫಲಿನ ಒಂದು ಗುಂಡಿನ ಮೂಲ ಹಾನಿ ಸುಮಾರು 41, ಎಕೆಎಂನದು ಸುಮಾರು 47, ಬೆರಿಲ್ ಎಂ762ರದು ಸುಮಾರು 46. ಈ ಅಂಕಿಗಳನ್ನು ಕಂಪನಿಯು ಅಪ್‌ಡೇಟ್‌ಗಳಲ್ಲಿ ಆಗಾಗ ತುಸು ಏರಿಳಿಸುವುದುಂಟು, ಆದರೆ ಇವುಗಳ ನಡುವಿನ ಅಂತರ ಹೆಚ್ಚು ಬದಲಾಗುವುದಿಲ್ಲ. ಮೇಲ್ನೋಟಕ್ಕೆ ಎಕೆಎಂ ಗೆದ್ದಂತೆ ಕಾಣುತ್ತದೆ. ಆದರೆ ಎದುರಾಳಿ ಬರಿಮೈಯಲ್ಲಿ ನಿಂತಿರುವುದಿಲ್ಲ. ಮೊದಲ ಹಂತದ ವೆಸ್ಟ್, ಅಂದರೆ ಗುಂಡು ತಡೆಯುವ ಅಂಗಿ, ಹಾನಿಯನ್ನು ಶೇ 30ರಷ್ಟು, ಎರಡನೆಯದು ಶೇ 40ರಷ್ಟು, ಮೂರನೆಯದು ಶೇ 55ರಷ್ಟು ತಗ್ಗಿಸುತ್ತದೆ. ಪಂದ್ಯದ ನಡುವಿನಲ್ಲಿ ಬಹುತೇಕರ ಮೈಮೇಲೆ ಎರಡನೇ ಹಂತದ ವೆಸ್ಟ್ ಇರುವುದರಿಂದ ಅದನ್ನೇ ಹಿಡಿದು ಸ್ಥೂಲವಾಗಿ ಲೆಕ್ಕ ಹಾಕೋಣ.

ಎದೆಗೆ ಬಡಿದ ಎಂ416ರ ಒಂದು ಗುಂಡು ಆಗ 24.6ರಷ್ಟು ಮಾತ್ರ ಕಳೆಯುತ್ತದೆ. ನಾಲ್ಕು ಗುಂಡು ತಗಲಿದರೆ 98.4. ಎದುರಾಳಿಯ ಪೂರ್ಣ ಆರೋಗ್ಯ 100 ಆಗಿರುವುದರಿಂದ ಅವನು ಕೂದಲೆಳೆಯಲ್ಲಿ ಉಳಿದುಕೊಳ್ಳುತ್ತಾನೆ, ಐದನೆಯ ಗುಂಡು ಬೇಕೇ ಬೇಕಾಗುತ್ತದೆ. ‘ಒಂದೇ ಗುಂಡಿತ್ತಪಾ, ತಪ್ಪಿಸಿಕೊಂಡ’ ಎಂದು ಗೆಳೆಯರು ಹಲುಬುವುದರ ಹಿಂದೆ ಎಷ್ಟೋ ಸಲ ಇರುವುದು ಈ 1.6ರ ಕೊರತೆಯೇ. ಎಕೆಎಂನ ಗುಂಡು 28.2, ಎಂ762ರದು 27.6 ಕಳೆಯುವುದರಿಂದ ಅವೆರಡಕ್ಕೂ ನಾಲ್ಕೇ ಗುಂಡು ಸಾಕು.

ಇನ್ನು ಹೊತ್ತಿನ ಲೆಕ್ಕ. ಎಂ416 ಮತ್ತು ಎಂ762 ಎರಡರಲ್ಲೂ ಗುಂಡಿಗೂ ಗುಂಡಿಗೂ ನಡುವೆ ಸುಮಾರು 0.086 ಸೆಕೆಂಡು, ಎಕೆಎಂನಲ್ಲಿ 0.1 ಸೆಕೆಂಡು ಹಿಡಿಯುತ್ತದೆ. ಮೊದಲ ಗುಂಡು ಕೂಡಲೇ ಹೊರಡುವುದರಿಂದ ಎಂ416ರ ಐದು ಗುಂಡಿಗೆ 0.34 ಸೆಕೆಂಡು, ಎಕೆಎಂನ ನಾಲ್ಕಕ್ಕೆ 0.3 ಸೆಕೆಂಡು, ಎಂ762ರ ನಾಲ್ಕಕ್ಕೆ 0.26 ಸೆಕೆಂಡು ಸಾಕು. ಈ ಕಾಗದದ ಲೆಕ್ಕದಲ್ಲಿ ಎಂ762 ಮೊದಲು, ಎಂ416 ಕೊನೆಗೆ ಬರುತ್ತದೆ. ಹಾಗಿದ್ದೂ ಅಷ್ಟೊಂದು ಆಟಗಾರರು ಎಂ416ರ ಬೆನ್ನು ಬಿಡದಿರುವುದೇಕೆ? ಒಂದು ಗುಂಡೂ ತಪ್ಪದು ಎಂದು ಭಾವಿಸಿಕೊಂಡು ಹಾಕಿದ ಲೆಕ್ಕವಿದು. ನಿಜವಾದ ಪಂದ್ಯದಲ್ಲಿ ಎಲ್ಲರ ಗುಂಡೂ ತಪ್ಪುತ್ತದೆ.

ಎರಡನೇ ಹೆಜ್ಜೆ: ಗೋಡೆಯನ್ನು ಕೇಳಿ

ಆಟದೊಳಗಿನ ಟ್ರೇನಿಂಗ್ ಗ್ರೌಂಡ್‌ಗೆ ಹೋಗಿ. ಅಲ್ಲಿ ಎಲ್ಲ ಬಂದೂಕು, ಎಲ್ಲ ಬಿಡಿಭಾಗಗಳು ಮೇಜಿನ ಮೇಲೆಯೇ ಇರುತ್ತವೆ. ಯಾವ ಬಿಡಿಭಾಗವನ್ನೂ ಜೋಡಿಸದೆ, ಗುರಿಯನ್ನು ಕೆಂಪು ಚುಕ್ಕೆಯಲ್ಲಿ ತೋರುವ ರೆಡ್ ಡಾಟ್ ಮಾತ್ರ ಹಾಕಿಕೊಂಡು, ಒಂದು ಗೋಡೆಯಿಂದ ಮೂವತ್ತು ನಲವತ್ತು ಹೆಜ್ಜೆ ದೂರದಲ್ಲಿ ನಿಂತು ಮೊದಲು ಎಂ416ರ ಮೂವತ್ತು ಗುಂಡುಗಳನ್ನೂ ಒಂದೇ ಉಸಿರಿಗೆ ಹಾರಿಸಿ. ಬಂದೂಕು ಮೇಲಕ್ಕೆ ಒದೆಯುತ್ತದೆ, ಅಂದರೆ ರಿಕಾಯಿಲ್ ಕೊಡುತ್ತದೆ. ಅದಕ್ಕೆ ಸರಿಯಾಗಿ ಬೆರಳನ್ನು ಅಥವಾ, ನೀವು ಮೊಬೈಲನ್ನು ಓರೆಯಾಗಿಸಿ ಗುರಿ ಹಿಡಿಯುವ ಜೈರೋ ಬಳಸುವವರಾದರೆ, ಮೊಬೈಲನ್ನೇ ಕೆಳಕ್ಕೆ ಎಳೆಯುತ್ತಿರಿ. ಬಳಿಕ ಗೋಡೆಯ ಮೇಲಿನ ಗುರುತುಗಳನ್ನು ನೋಡಿ: ಒಬ್ಬ ಮನುಷ್ಯನ ಎದೆಯಗಲದೊಳಗೆ ಎಷ್ಟು ಗುಂಡು ಬಿದ್ದಿವೆ? ಇದನ್ನೇ ಎಕೆಎಂ, ಎಂ762 ಮತ್ತು ಸ್ಕಾರ್-ಎಲ್‌ಗಳಲ್ಲಿ ಐದೈದು ಸಲ ಮಾಡಿ, ಸರಾಸರಿಯನ್ನು ಬರೆದಿಟ್ಟುಕೊಳ್ಳಿ. ನಿಂತೇ ಹೊಡೆಯಬೇಕು. ಕೂತು, ಮಲಗಿ ಹೊಡೆದರೆ ಒದೆತ ಕಡಿಮೆಯಾಗಿ ಎಲ್ಲ ಬಂದೂಕುಗಳೂ ಸಾಧು ಪ್ರಾಣಿಗಳಂತೆ ವರ್ತಿಸುತ್ತವೆ, ವ್ಯತ್ಯಾಸ ತಿಳಿಯುವುದಿಲ್ಲ.

ಎಂ416ರಲ್ಲಿ ನಿಮ್ಮ ಹತ್ತರಲ್ಲಿ ಎಂಟು ಗುಂಡು ನೆಟ್ಟವು, ಎಕೆಎಂನಲ್ಲಿ ಆರು, ಎಂ762ರಲ್ಲಿ ಐದೇ ನೆಟ್ಟವು ಎಂದುಕೊಳ್ಳಿ. ಎಂ416ರ ಐದು ಗುಂಡು ತಗಲಲು ಏಳು ಹಾರಿಸಬೇಕಾಗುತ್ತದೆ, ಅದಕ್ಕೆ 0.52 ಸೆಕೆಂಡು. ಎಕೆಎಂನ ನಾಲ್ಕು ತಗಲಲೂ ಏಳು ಬೇಕು, 0.6 ಸೆಕೆಂಡು. ಎಂ762ರ ನಾಲ್ಕಕ್ಕೆ ಎಂಟು ಬೇಕು, ಅಲ್ಲಿಯೂ 0.6 ಸೆಕೆಂಡು. ಮೊದಲ ಹೆಜ್ಜೆಯ ಪಟ್ಟಿ ತಲೆಕೆಳಗಾಯಿತು. ನಿಮ್ಮ ಗೆಳೆಯನ ಗೋಡೆ ಬೇರೆ ಅಂಕಿ ಹೇಳಿದರೆ ಅವನಿಗೆ ಎಂ762 ಸರಿಯಾದ ಬಂದೂಕೇ ಆಗಿರಬಹುದು, ಆದ್ದರಿಂದ ಅವನೊಂದಿಗೆ ವಾದಕ್ಕಿಳಿಯುವ ಅಗತ್ಯವಿಲ್ಲ.

ಸ್ಕಾರ್-ಎಲ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರ ಹಾನಿ ಎಂ416ರಷ್ಟೇ, ವೇಗ ತುಸು ಕಡಿಮೆ, ಹಾಗಾಗಿ ಅನುಭವಿಗಳು ಅದನ್ನು ಮೂಸಿಯೂ ನೋಡುವುದಿಲ್ಲ. ಆದರೆ ಬಿಡಿಭಾಗಗಳಿಲ್ಲದೆಯೂ ಅದು ಕೈಯೊಳಗೆ ನಿಲ್ಲುತ್ತದೆ. ಹೊಸಬರು ಅದರಿಂದಲೇ ಆರಂಭಿಸುವುದು ಒಳಿತು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರನೇ ಹೆಜ್ಜೆ: ಮೊಬೈಲಿನ ಬಿಸಿಯನ್ನೂ ಲೆಕ್ಕಕ್ಕೆ ಹಿಡಿಯಿರಿ

ನಮ್ಮ ಭಾಗದ ಆಟಗಾರರು ಇದನ್ನು ಮರೆಯುವಂತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟಿದಾಗ ಫ್ಯಾನಿನ ಕೆಳಗಿದ್ದ ಮೊಬೈಲ್ ಕೂಡ ಎರಡನೇ ಪಂದ್ಯದ ಹೊತ್ತಿಗೆ ಕಾದ ಹಂಚಾಗುತ್ತದೆ. ಬಿಸಿಯಾದ ಮೊಬೈಲ್ ತನ್ನ ರಕ್ಷಣೆಗಾಗಿ ಪ್ರೊಸೆಸರಿನ ವೇಗವನ್ನು ತಗ್ಗಿಸಿಕೊಳ್ಳುತ್ತದೆ, ಆಗ ಪರದೆಯ ಮೇಲೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ, ಅಂದರೆ ಫ್ರೇಮ್ ರೇಟ್, ಕುಸಿಯುತ್ತದೆ. 60 ಫ್ರೇಮಿನಲ್ಲಿ ರೂಢಿಯಾದ ಎಳೆತವು 30 ಫ್ರೇಮಿಗೆ ಹೊಂದುವುದಿಲ್ಲ; ಬಂದೂಕು ಎಷ್ಟು ಮೇಲೇರಿತು ಎಂಬುದು ಕಣ್ಣಿಗೆ ತಡವಾಗಿ ಕಾಣುತ್ತದೆ, ಕೈ ತಡವಾಗಿ ಎಳೆಯುತ್ತದೆ, ಗುಂಡುಗಳು ತಲೆಯ ಮೇಲಿಂದ ಹಾರಿಹೋಗುತ್ತವೆ. ಇದರ ಏಟು ಹೆಚ್ಚು ಬೀಳುವುದು ಎಂ762ರಂತಹ ಅಡ್ಡಾದಿಡ್ಡಿ ಒದೆಯುವ ಬಂದೂಕಿಗೆ. ಆದ್ದರಿಂದ ಗೋಡೆಯ ಪರೀಕ್ಷೆಯನ್ನು ಎರಡು ಸಲ ಮಾಡಬೇಕು: ಮೊಬೈಲ್ ತಣ್ಣಗಿದ್ದಾಗ ಒಮ್ಮೆ, ಎರಡು ಪಂದ್ಯ ಆಡಿ ಕಾದ ಮೇಲೆ ಇನ್ನೊಮ್ಮೆ. ಎರಡನೇ ಸಲದ ಅಂಕಿಯನ್ನೇ ನಂಬಿ, ಏಕೆಂದರೆ ಪಂದ್ಯದ ಕೊನೆಯ ವರ್ತುಲದಲ್ಲಿ ನಿಮ್ಮ ಕೈಯಲ್ಲಿರುವುದು ಕಾದ ಮೊಬೈಲೇ.

ನಾಲ್ಕನೇ ಹೆಜ್ಜೆ: ದೂರವನ್ನು ಕಣ್ಣಳತೆಯಲ್ಲಿ ಹಿಡಿಯುವುದು

ಆಟದಲ್ಲಿ ‘ನೂರು ಮೀಟರ್’ ಎಂದರೆ ಎಷ್ಟು ಎಂಬುದು ಹಲವರಿಗೆ ಕಣ್ಣಿಗೆ ಕಟ್ಟಿರುವುದಿಲ್ಲ. ನಮಗೆ ಊರಲ್ಲೇ ಅಳತೆಗೋಲಿದೆ. ಗೋಳಗುಮ್ಮಟದ ಕಟ್ಟಡದ ಒಂದು ಬದಿಯ ಉದ್ದ ಸುಮಾರು 47.5 ಮೀಟರ್. ಒಂದು ಮೂಲೆಯಿಂದ ಮುಂದಿನ ಮೂಲೆಗಿರುವ ದೂರವನ್ನು ಮನಸ್ಸಿನಲ್ಲಿ ಎರಡು ಸಲ ಒಂದರ ಮುಂದೊಂದು ಇಟ್ಟರೆ ಹೆಚ್ಚುಕಡಿಮೆ ನೂರು ಮೀಟರ್ ಆಯಿತು. ಒಂದು ಬದಿಯೊಳಗಿನ ಜಗಳ ಎಕೆಎಂ, ಎಂ762ರದು. ಒಂದರಿಂದ ಎರಡು ಬದಿಯವರೆಗಿನದು ಎಂ416, ಸ್ಕಾರ್-ಎಲ್, ಆಗ್ ಬಂದೂಕುಗಳದು. ನಾಲ್ಕು ಬದಿ ದಾಟಿದರೆ ರೈಫಲಿನಲ್ಲಿ ಸ್ಪ್ರೇ ಮಾಡುವುದು, ಅಂದರೆ ಬಿಡದೆ ಗುಂಡು ಸುರಿಸುವುದು, ಗುಂಡು ಪೋಲು ಮಾಡಿದಂತೆ.

ದೂರ ಹೆಚ್ಚಿದಂತೆ ಗುಂಡಿನ ವೇಗವೂ ಮಾತಾಡತೊಡಗುತ್ತದೆ. ಎಂ416ರ ಗುಂಡು ಸೆಕೆಂಡಿಗೆ 880 ಮೀಟರ್, ಎಕೆಎಂನದು 715 ಮೀಟರ್ ಸಾಗುತ್ತದೆ. ಇನ್ನೂರು ಮೀಟರ್ ಆಚೆ ಒಬ್ಬ ಸೆಕೆಂಡಿಗೆ ಆರು ಮೀಟರಿನಂತೆ ಅಡ್ಡಲಾಗಿ ಓಡುತ್ತಿದ್ದರೆ, ಎಂ416 ಹಿಡಿದವನು ಅವನಿಗಿಂತ ಸುಮಾರು 1.4 ಮೀಟರ್ ಮುಂದೆ, ಎಕೆಎಂ ಹಿಡಿದವನು ಸುಮಾರು 1.7 ಮೀಟರ್ ಮುಂದೆ ಗುರಿ ಇಡಬೇಕು. ವ್ಯತ್ಯಾಸ ಒಂದು ಗೇಣಿಗಿಂತ ತುಸು ಹೆಚ್ಚು. ಓಡುವವನ ಮೈ ತಪ್ಪಿಹೋಗಲು ಅಷ್ಟು ಸಾಕು.

ನಕ್ಷೆಯನ್ನೂ ಇದೇ ಕಣ್ಣಿನಿಂದ ನೋಡಬೇಕು. ಎಂಟು ಕಿಲೋಮೀಟರ್ ಉದ್ದಗಲದ ಎರಾಂಗೆಲ್ ಹಾಗೂ ಮೀರಾಮಾರ್‌ಗಳಲ್ಲಿ, ಅದರಲ್ಲೂ ಮೀರಾಮಾರ್‌ನ ಬೋಳು ಗುಡ್ಡಗಳಲ್ಲಿ, ದೂರದ ಕಾದಾಟವೇ ಹೆಚ್ಚು. ನಾಲ್ಕು ಕಿಲೋಮೀಟರಿನ ಸಾನ್‌ಹಾಕ್ ಕಾಡಿನಲ್ಲಿ, ಎರಡು ಕಿಲೋಮೀಟರಿನ ಲಿವಿಕ್‌ನಲ್ಲಿ ಎದುರಾಳಿ ಗಿಡದ ಮರೆಯಿಂದಲೇ ಎದ್ದು ಬರುತ್ತಾನೆ. ಎರಾಂಗೆಲ್‌ನಲ್ಲಿ ಎಕೆಎಂ ಬಿಟ್ಟುಬಂದವನು ಲಿವಿಕ್‌ನಲ್ಲಿ ಅದನ್ನೇ ಎತ್ತಿಕೊಂಡರೆ ಅವನನ್ನು ಚಂಚಲನೆನ್ನಬಾರದು.

ಐದನೇ ಹೆಜ್ಜೆ: ಬಿಡಿಭಾಗ ಮತ್ತು ಗುಂಡಿನ ಹೊರೆ

ಎಂ416ಕ್ಕೆ ಮಜಲ್ (ನಳಿಕೆಯ ತುದಿ), ಗ್ರಿಪ್ (ಮುಂಭಾಗದ ಹಿಡಿ), ಮ್ಯಾಗಜಿನ್ (ಗುಂಡಿನ ಡಬ್ಬಿ), ಸ್ಟಾಕ್ (ಹೆಗಲಿಗೊರಗುವ ಹಿಂಭಾಗ), ಸ್ಕೋಪ್ ಹೀಗೆ ಐದು ಕಡೆ ಬಿಡಿಭಾಗ ಕೂರಿಸಬಹುದು. ಎಕೆಎಂಗೆ ಗ್ರಿಪ್ಪೂ ಇಲ್ಲ, ಸ್ಟಾಕೂ ಇಲ್ಲ. ಇದನ್ನು ಕೇಳಿದವರೆಲ್ಲ ಎಂ416 ಮೇಲು ಎಂದುಬಿಡುತ್ತಾರೆ. ಆದರೆ ಅದರ ಇನ್ನೊಂದು ಮಗ್ಗುಲೂ ಇದೆ: ಏನೂ ಸಿಗದ ಮೊದಲ ಐದು ನಿಮಿಷದಲ್ಲಿ ಬರಿಯ ಎಂ416 ಸಾಕಷ್ಟು ಅಲುಗಾಡುತ್ತದೆ. ಐದರಲ್ಲಿ ಎರಡನ್ನಾದರೂ ಹೊಂದಿಸುವವರೆಗೆ ಅದರ ಹೆಸರಿಗೆ ಮರುಳಾಗಬೇಡಿ. ಮೊದಲು ಹುಡುಕಬೇಕಾದದ್ದು ನಳಿಕೆಯ ತುದಿಗೆ ಹಾಕುವ ಕಾಂಪನ್ಸೇಟರ್, ಅದು ಒದೆತವನ್ನು ಮೇಲಕ್ಕೂ ಅಕ್ಕಪಕ್ಕಕ್ಕೂ ತಗ್ಗಿಸುತ್ತದೆ. ಗ್ರಿಪ್ ಆರಿಸುವಾಗ ಗೋಡೆಯ ಗುರುತುಗಳನ್ನು ನೆನಪಿಸಿಕೊಳ್ಳಿ: ಗುರುತುಗಳು ಕಂಬದಂತೆ ಮೇಲೇರಿದ್ದರೆ ವರ್ಟಿಕಲ್ ಗ್ರಿಪ್, ಎಡಬಲಕ್ಕೆ ಚದುರಿದ್ದರೆ ಆಂಗಲ್ಡ್ ಗ್ರಿಪ್. ವಿಸ್ತರಿಸಿದ ಮ್ಯಾಗಜಿನ್ ಮೂವತ್ತನ್ನು ನಲವತ್ತು ಮಾಡುತ್ತದೆ. ಒಬ್ಬನನ್ನು ಕೆಡವಿದ ಮೇಲೆ ಅವನ ಗೆಳೆಯ ಓಡಿಬಂದಾಗ ಆ ಹತ್ತರ ಬೆಲೆ ಗೊತ್ತಾಗುತ್ತದೆ. ಆರು ಪಟ್ಟು ಹಿಗ್ಗಿಸಿ ತೋರುವ ಸ್ಕೋಪ್ ಸಿಕ್ಕರೆ ಅದನ್ನು ಮೂರಕ್ಕೆ ಇಳಿಸಿ ಸ್ಪ್ರೇ ಮಾಡಬಹುದು, ಬೇಡವೆಂದು ಎಸೆಯಬೇಡಿ.

ಗುಂಡಿನ ವಿಷಯ ಸರಳ. ಎಂ416, ಸ್ಕಾರ್-ಎಲ್, ಆಗ್ ತಿನ್ನುವುದು 5.56 ಮಿ.ಮೀ. ಗುಂಡು, ಎಕೆಎಂ, ಎಂ762, ಗ್ರೋಝಾ ತಿನ್ನುವುದು 7.62. ಚೀಲದಲ್ಲಿ ಒಂದು 7.62 ಗುಂಡು ಹಿಡಿಯುವ ಜಾಗ 0.7, 5.56 ಹಿಡಿಯುವುದು 0.5. ಆರು ಮ್ಯಾಗಜಿನ್ನಿನ ಲೆಕ್ಕದಲ್ಲಿ 180 ಗುಂಡು ಹೊತ್ತರೆ ಒಂದಕ್ಕೆ 126, ಇನ್ನೊಂದಕ್ಕೆ 90. ಉಳಿಯುವ 36ರ ಜಾಗದಲ್ಲಿ ಸ್ಮೋಕ್ (ಹೊಗೆಬಾಂಬು) ಮತ್ತು ಫಸ್ಟ್ ಏಡ್ ತುಂಬಬಹುದು. ಸ್ಕ್ವಾಡ್‌ನಲ್ಲಿ ನಾಲ್ವರೂ 5.56ಕ್ಕೇ ಜೋತುಬಿದ್ದರೆ ಕೊನೆಯ ವರ್ತುಲದಲ್ಲಿ ಒಬ್ಬರಿಗೊಬ್ಬರು ಗುಂಡು ಬೇಡುವ ಸ್ಥಿತಿ ಬರುತ್ತದೆ. ಇಬ್ಬರು ಅದು, ಇಬ್ಬರು ಇದು ಎಂದು ಇಳಿಯುವ ಮೊದಲೇ ಹಂಚಿಕೊಳ್ಳುವುದು ಜಾಣತನ.

ಆರನೇ ಹೆಜ್ಜೆ: ಜೊತೆಗಾರ ಬಂದೂಕು

ನಮ್ಮೂರಿನ ಶೇರ್ಜಾ ಬುರುಜಿನ ಮೇಲೆ 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪಿದೆ. ಉದ್ದ 14 ಅಡಿಯಷ್ಟೇ, ಬಾಯಿ ಮಾತ್ರ ಎರಡು ಅಡಿಗೂ ಅಗಲ. ಅಲ್ಲಿಂದ ಅಷ್ಟು ದೂರವಿಲ್ಲದ ಎತ್ತರದ ಉಪ್ಪಲಿ ಬುರುಜಿನ ಮೇಲೆ ಇರುವುದು 30 ಅಡಿಯ ಸಪೂರ ತೋಪು. ಎರಡನ್ನೂ ನೋಡಿದವರಿಗೆ, ಒಂದೇ ಕೋಟೆಯಲ್ಲಿ ಎರಡು ಜಾತಿಯ ತೋಪು ಏಕೆ ಎಂದು ವಿವರಿಸಬೇಕಿಲ್ಲ. ಆಟದಲ್ಲೂ ನಿಮ್ಮ ಬೆನ್ನಿಗೆ ಎರಡು ಬಂದೂಕು ಹಿಡಿಯುತ್ತವೆ. ಎಕೆಎಂ ಅಥವಾ ಎಂ762 ಇಟ್ಟುಕೊಂಡವರು ದೂರಕ್ಕೆ ಒಂದೊಂದೇ ಗುಂಡು ಹಾರಿಸುವ ಮಿನಿ14 ಅಥವಾ ಎಸ್‌ಕೆಎಸ್ ಸೇರಿಸಿಕೊಳ್ಳಲಿ. ಎಂ416 ಇರುವವರು ಗುರಿ ಗಟ್ಟಿಯಾಗಿದ್ದರೆ ಎಂ24 ಅಥವಾ ಕಾರ್98ಕೆ ಸ್ನೈಪರ್ ಬಂದೂಕು ಹಿಡಿಯಲಿ, ಇಲ್ಲವಾದರೆ ಅವರಿಗೂ ಮಿನಿ14 ಸಾಕು, ಅದು 5.56ನ್ನೇ ತಿನ್ನುವುದರಿಂದ ಚೀಲದಲ್ಲಿ ಒಂದೇ ಬಗೆಯ ಗುಂಡು ಸಾಲುತ್ತದೆ. ಎಂ416ರ ಜೊತೆ ಸ್ಕಾರ್-ಎಲ್ ಹೊತ್ತು ತಿರುಗುವವರನ್ನು ದಿನವೂ ಕಾಣುತ್ತೇನೆ; ಒಂದೇ ಕೆಲಸಕ್ಕೆ ಇಬ್ಬರು ಆಳು ಇಟ್ಟಂತೆ ಅದು.

ವಿಮಾನದಿಂದ ಬೀಳುವ ಪೆಟ್ಟಿಗೆ, ಅಂದರೆ ಏರ್‌ಡ್ರಾಪ್‌ನಲ್ಲಿ ಸಿಗುವ ಗ್ರೋಝಾ ಮನೆಯೊಳಗಿನ ಕಾದಾಟಕ್ಕೆ ಅತ್ಯುತ್ತಮ, ಆದರೆ ಪೆಟ್ಟಿಗೆಯ ಕೆಂಪು ಹೊಗೆ ನಿಮಗೆ ಕಂಡಂತೆ ಎಲ್ಲರಿಗೂ ಕಂಡಿರುತ್ತದೆ. ಟೂರ್ನಿಗಳಲ್ಲಿ ಒಂದು ಫಿನಿಶ್‌ಗೆ, ಅಂದರೆ ಒಬ್ಬ ಎದುರಾಳಿಯನ್ನು ಮುಗಿಸಿದ್ದಕ್ಕೆ, ಒಂದು ಅಂಕವಷ್ಟೇ, ಕೊನೆಯವರೆಗೆ ಉಳಿದ ತಂಡಕ್ಕೆ ಸ್ಥಾನದ ಅಂಕ ಅದಕ್ಕಿಂತ ಹಲವು ಪಟ್ಟು ಹೆಚ್ಚು. ಹಾಗಾಗಿ ಒಂದು ಬಂದೂಕಿಗಾಗಿ ಬಯಲಿನಲ್ಲಿ ಓಡಿ ಸ್ಕ್ವಾಡಿನ ಒಬ್ಬನನ್ನು ಕಳೆದುಕೊಳ್ಳುವುದು ನಷ್ಟದ ವ್ಯಾಪಾರ.

ಹದಿನೆಂಟು ತುಂಬದವರಿಗೆ ಆಟವು ದಿನಕ್ಕೆ ಮೂರು ಗಂಟೆಯ ಮಿತಿ ಹಾಕಿರುವುದರಿಂದ ಗೋಡೆಯ ಪರೀಕ್ಷೆಯನ್ನು ದಿನವೂ ಮಾಡುತ್ತ ಕೂರಬೇಕಿಲ್ಲ. ಹೊಸ ಅಪ್‌ಡೇಟ್ ಬಂದಾಗ, ಮೊಬೈಲ್ ಬದಲಿಸಿದಾಗ, ಎಳೆತಕ್ಕೆ ಗುರಿ ಎಷ್ಟು ಸರಿಯಬೇಕೆಂಬ ಸೆನ್ಸಿಟಿವಿಟಿಯ ಅಂಕಿಗಳನ್ನು ತಿದ್ದಿದಾಗ ಹತ್ತು ನಿಮಿಷ ಕೊಟ್ಟರೆ ಸಾಕು. ಹಳೆಯ ಅಂಕಿಗಳ ಪಕ್ಕದಲ್ಲೇ ಹೊಸದನ್ನೂ ದಿನಾಂಕದೊಂದಿಗೆ ಬರೆಯಿರಿ. ಎರಡು ಮೂರು ತಿಂಗಳಲ್ಲಿ ಎಂ762ರ ಐದು ಏಳಾಗಿದ್ದರೆ, ಮುಂದಿನ ಪಂದ್ಯದಲ್ಲಿ ಎಂ416 ಕಣ್ಣೆದುರು ಬಿದ್ದಿದ್ದರೂ ಅದನ್ನು ಗೆಳೆಯನಿಗೆ ಬಿಟ್ಟು ಮುಂದೆ ಸಾಗಬಹುದು.