ಲಿನಕ್ಸ್‌ನಲ್ಲಿ ಇಂಡೀ ಆಟಗಳು: ಆಡುವುದು ಹೇಗೆ, ಆಟ ಕಟ್ಟಿದವರಿಗೆ ನೆರವಾಗುವುದು ಹೇಗೆ

ದೊಡ್ಡ ಪ್ರಕಾಶಕರ ಹಣದ ಆಸರೆಯಿಲ್ಲದೆ ಒಬ್ಬರೋ ನಾಲ್ಕೈದು ಮಂದಿಯೋ ಸೇರಿ, ಹಲವು ಬಾರಿ ವರ್ಷಗಟ್ಟಲೆ ದುಡಿದು ಹೊರತರುವ ವಿಡಿಯೊ ಗೇಮ್‌ಗಳನ್ನು ಇಂಡೀ ಗೇಮ್ ಎಂದು ಕರೆಯುತ್ತಾರೆ. ಇಂಥ ಆಟಗಳಿಗೂ, ವಿಂಡೋಸ್‌ನಂತೆ ಕಂಪ್ಯೂಟರನ್ನು ನಡೆಸುವ ಮುಕ್ತ ವ್ಯವಸ್ಥೆಯಾದ ಲಿನಕ್ಸ್‌ನ ಬಳಕೆದಾರರಿಗೂ ಹಳೆಯ ನಂಟಿದೆ. 2010ರ ಮೇ ತಿಂಗಳಲ್ಲಿ ಮೊದಲ ‘ಹಂಬಲ್ ಇಂಡೀ ಬಂಡಲ್’ ಎಂಬ ಆಟಗಳ ಕಟ್ಟು ಬಂದಾಗ ‘ವರ್ಲ್ಡ್ ಆಫ್ ಗೂ’, ‘ಅಕ್ವೇರಿಯಾ’ ಮೊದಲಾದ ಆಟಗಳಿಗೆ ಎಷ್ಟು ಕೊಡಬೇಕೆಂಬುದನ್ನು ಕೊಳ್ಳುವವರೇ ನಿರ್ಧರಿಸಬಹುದಿತ್ತು. ಆಗ ವಿಂಡೋಸ್ ಮತ್ತು ಮ್ಯಾಕ್ ಬಳಕೆದಾರರಿಗಿಂತ ಹೆಚ್ಚಿನ ಸರಾಸರಿ ಮೊತ್ತ ಕೊಟ್ಟವರು ಲಿನಕ್ಸ್ ಬಳಕೆದಾರರೇ. ಅಂದು ಆಡಲು ಸಿಗುತ್ತಿದ್ದ ಆಟಗಳೇ ಕಡಿಮೆ. ಇಂದು ಆಟ ಓಡಿಸುವುದು ಎಷ್ಟು ಸಲೀಸಾಗಿದೆಯೆಂದರೆ, ತನ್ನ ಆಟವನ್ನು ಲಿನಕ್ಸ್‌ನಲ್ಲಿ ಆಡುವವರಿದ್ದಾರೆ ಎಂಬ ಸಂಗತಿಯೇ ಅದನ್ನು ಕಟ್ಟಿದವರ ಗಮನಕ್ಕೆ ಬಾರದೆ ಉಳಿಯಬಹುದು. ಆದ್ದರಿಂದ ಆಟವನ್ನು ಓಡಿಸುವ ಬಗೆಯ ಜೊತೆಗೆ, ನಾವು ಇಲ್ಲಿದ್ದೇವೆಂದು ಅವರಿಗೆ ತಿಳಿಯುವಂತೆ ಆಡುವ ಬಗೆಯನ್ನೂ ಇಲ್ಲಿ ವಿವರಿಸಲಾಗಿದೆ.

ಮೊದಲು ಗ್ರಾಫಿಕ್ಸ್ ಡ್ರೈವರ್

ಎಎಂಡಿ ಅಥವಾ ಇಂಟೆಲ್ ಗ್ರಾಫಿಕ್ಸ್ ಇದ್ದರೆ ಬೇಕಾದ ‘ಮೆಸಾ’ ಡ್ರೈವರ್ (ಗ್ರಾಫಿಕ್ಸ್ ಯಂತ್ರಾಂಶವನ್ನು ನಡೆಸುವ ತಂತ್ರಾಂಶ) ಬಹುತೇಕ ಎಲ್ಲ ಡಿಸ್ಟ್ರೋಗಳಲ್ಲಿ, ಅಂದರೆ ಲಿನಕ್ಸ್‌ನ ಬೇರೆ ಬೇರೆ ರೂಪಗಳಲ್ಲಿ, ಮೊದಲೇ ಇರುತ್ತದೆ. ಸಿಸ್ಟಂ ಅಪ್‌ಡೇಟ್ ಮಾಡಿಕೊಂಡರೆ ಸಾಕು. ಎನ್‌ವಿಡಿಯಾ ಕಾರ್ಡ್ ಇದ್ದವರು ಆ ಕಂಪನಿಯದೇ ಡ್ರೈವರನ್ನು ತಮ್ಮ ಡಿಸ್ಟ್ರೋದ ಡ್ರೈವರ್ ಮ್ಯಾನೇಜರ್ ಅಥವಾ ಪ್ಯಾಕೇಜ್ ಮ್ಯಾನೇಜರ್ ಮೂಲಕವೇ ಹಾಕಿಕೊಳ್ಳಬೇಕು. ಕಂಪನಿಯ ವೆಬ್‌ಸೈಟಿನಿಂದ ನೇರವಾಗಿ ಇಳಿಸಿಕೊಂಡ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಮುಂದಿನ ಅಪ್‌ಡೇಟ್‌ನೊಂದಿಗೆ ಕೆಟ್ಟುಹೋಗುವ ಅಪಾಯವಿರುವುದರಿಂದ ಆ ದಾರಿಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಆನಂತರ, ಚಿತ್ರ ಮೂಡಿಸಲು ಆಟಗಳು ಕಾರ್ಡಿಗೆ ಆದೇಶ ಕೊಡುವ ‘ವಲ್ಕನ್’ ಎಂಬ ವಿಧಾನವನ್ನು ನಿಮ್ಮ ಕಾರ್ಡ್ ಬೆಂಬಲಿಸುತ್ತದೆಯೇ ಎಂದು ನೋಡಿಕೊಳ್ಳಿ. ವಿಂಡೋಸ್‌ಗೆಂದು ಬರೆದ ಆಟಗಳ ಡೈರೆಕ್ಟ್‌ಎಕ್ಸ್ ಆದೇಶಗಳನ್ನು ‘ಡಿಎಕ್ಸ್‌ವಿಕೆ’ ಎಂಬ ತಂತ್ರಾಂಶ ವಲ್ಕನ್‌ಗೆ ತಿರುಗಿಸುವುದರಿಂದ, ವಲ್ಕನ್ ಇಲ್ಲದ ಹಳೆಯ ಕಂಪ್ಯೂಟರಿನಲ್ಲಿ ಅವು ಓಡುವುದು ಕಷ್ಟ. ಆದರೆ ಲಿನಕ್ಸ್‌ಗೆಂದೇ ಸಿದ್ಧಪಡಿಸಿದ ಎಷ್ಟೋ ಎರಡು ಆಯಾಮದ ಆಟಗಳು ಓಪನ್‌ಜಿಎಲ್ ಎಂಬ ಹಳೆಯ ವಿಧಾನದ ಮೂಲಕವೇ ಹಳೆಯ ಯಂತ್ರಗಳಲ್ಲೂ ಚೆನ್ನಾಗಿ ನಡೆಯುತ್ತವೆ.

ಎಲ್ಲಿಂದ ಕೊಳ್ಳಬೇಕು

ಮುಖ್ಯವಾಗಿ ಮೂರು ಅಂಗಡಿಗಳಿವೆ. 2013ರ ಫೆಬ್ರುವರಿಯಲ್ಲಿ ಲಿನಕ್ಸ್‌ಗೆ ಬಂದ ‘ಸ್ಟೀಮ್’ ಅತ್ಯಂತ ಸುಲಭದ್ದು. ಆಟವನ್ನು ಇಳಿಸಿ, ಹೊಂದಿಸಿ, ಅಪ್‌ಡೇಟ್ ಮಾಡುವ ಕೆಲಸವನ್ನೆಲ್ಲ ಅದೇ ನೋಡಿಕೊಳ್ಳುತ್ತದೆ. ಎರಡನೆಯದು ‘ಜಿಒಜಿ’. 2014ರಿಂದ ಲಿನಕ್ಸ್ ಆಟಗಳನ್ನೂ ಮಾರುತ್ತಿರುವ ಈ ಅಂಗಡಿ ಡಿಆರ್‌ಎಂ ಎಂಬ ನಕಲು ತಡೆಯುವ ಬೀಗವಿಲ್ಲದ ಇನ್‌ಸ್ಟಾಲರ್ ಕಡತವನ್ನೇ ಕೈಗೆ ಕೊಡುವುದರಿಂದ ಅದನ್ನು ಡಿಸ್ಕಿನಲ್ಲಿ ಎತ್ತಿಟ್ಟುಕೊಳ್ಳಬಹುದು. ಮೂರನೆಯದು ‘ಇಚ್ ಡಾಟ್ ಐಒ’. ಆಟ ಕಟ್ಟಿದವರ ಕೈಗೆ ಹೆಚ್ಚು ಹಣ ಸೇರಬೇಕೆಂಬ ಕಾಳಜಿ ನಿಮಗಿದ್ದರೆ ಮೊದಲು ಹುಡುಕಬೇಕಾದದ್ದು ಇಲ್ಲಿಯೇ. ಮಾರಾಟದ ಹಣದಲ್ಲಿ ಅಂಗಡಿಗೆ ಎಷ್ಟು ಪಾಲು ಹೋಗಬೇಕೆಂಬುದನ್ನು ಡೆವಲಪರ್‌ಗಳೇ ಇಲ್ಲಿ ನಿಗದಿ ಮಾಡುತ್ತಾರೆ. ಅವರು ಬದಲಾಯಿಸದಿದ್ದರೆ ಅದು ಶೇ 10. ಸ್ಟೀಮ್‌ನಲ್ಲಿ ಸಾಮಾನ್ಯವಾಗಿ ಶೇ 30. ನಮೂದಿಸಿದ ಬೆಲೆಗಿಂತ ಹೆಚ್ಚು ಕೊಡಲು ಬಯಸಿದರೆ ಅದಕ್ಕೂ ಇಚ್‌ನಲ್ಲಿ ಅವಕಾಶವಿದೆ.

ಸ್ಟೀಮ್‌ನಲ್ಲೇ ಕೊಳ್ಳುವುದಾದರೂ ಚಿಂತೆಯಿಲ್ಲ. ಅಲ್ಲಿ ಮಾಡಬೇಕಾದ ಸಣ್ಣ ಕೆಲಸವೊಂದಿದೆ: ಕೊಳ್ಳುವುದನ್ನೂ, ಮೊದಲ ಕೆಲವು ದಿನ ಆಡುವುದನ್ನೂ ಲಿನಕ್ಸ್‌ನಲ್ಲೇ ಮಾಡಿ. ವಿಂಡೋಸ್ ಆಟವನ್ನು ಲಿನಕ್ಸ್‌ನಲ್ಲಿ ಆಡಲು ಕೊಂಡರೂ ಅದನ್ನು ಲಿನಕ್ಸ್ ಮಾರಾಟವೆಂದೇ ಲೆಕ್ಕ ಹಿಡಿಯುತ್ತಾರೆ. ಎರಡೂ ವ್ಯವಸ್ಥೆಗಳಿರುವ ಕಂಪ್ಯೂಟರಿನಲ್ಲಿ ವಿಂಡೋಸ್‌ಗೆ ಹೋಗಿ ಆಡಿದರೆ ಆ ಲೆಕ್ಕವೂ ಅತ್ತಲೇ ಹೋಗುತ್ತದೆ.

ಇಳಿಸಿ ಓಡಿಸುವುದು

‘ಸ್ಟಾರ್‌ಡ್ಯೂ ವ್ಯಾಲಿ’, ‘ಹಾಲೋ ನೈಟ್’, ‘ಸೆಲೆಸ್ಟ್’, ‘ಫ್ಯಾಕ್ಟೋರಿಯೊ’ ಮೊದಲಾದ ಹೆಸರಾಂತ ಇಂಡೀ ಆಟಗಳಿಗೆ ಲಿನಕ್ಸ್‌ನದೇ ಆವೃತ್ತಿಯಿದೆ. ಹಾಗಿಲ್ಲದ ಆಟಗಳಿಗೆ, ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ‘ಪ್ರೋಟಾನ್’ ನೆರವಾಗುತ್ತದೆ. 1993ರಲ್ಲಿ ಆರಂಭವಾದ ‘ವೈನ್’ ಯೋಜನೆಯ ಮೇಲೆ ಕಟ್ಟಿದ ಈ ತಂತ್ರಾಂಶವನ್ನು ಸ್ಟೀಮ್‌ನ ಒಡೆತನ ಹೊಂದಿರುವ ವಾಲ್ವ್ ಸಂಸ್ಥೆ 2018ರ ಆಗಸ್ಟ್‌ನಲ್ಲಿ ಹೊರತಂದಿತು. ಕೊಳ್ಳುವ ಮೊದಲು ‘ಪ್ರೋಟಾನ್‌ಡಿಬಿ’ ತಾಣದಲ್ಲಿ ಆಟದ ಹೆಸರು ಹುಡುಕಿ, ಬೇರೆಯವರ ಅನುಭವ ಏನೆಂದು ಓದಿಕೊಳ್ಳಿ. ಅಲ್ಲಿನ ಪ್ಲಾಟಿನಂ, ಗೋಲ್ಡ್ ಎಂಬ ದರ್ಜೆಗಿಂತ ಇತ್ತೀಚಿನ ತಿಂಗಳುಗಳಲ್ಲಿ ಬಳಕೆದಾರರು ಬರೆದ ಟಿಪ್ಪಣಿಗಳೇ ಹೆಚ್ಚು ನಂಬಿಕೆಗೆ ಅರ್ಹ. ಕೊಂಡ ಮೇಲೂ ಆಟ ಓಡದಿದ್ದರೆ, ಕೊಂಡು 14 ದಿನ ದಾಟದೆ, ಆಡಿದ ಸಮಯ 2 ಗಂಟೆ ಮೀರದೆ ಇದ್ದಲ್ಲಿ ಸ್ಟೀಮ್ ಹಣ ಹಿಂದಿರುಗಿಸುತ್ತದೆ.

ಕೆಲವೊಮ್ಮೆ ಲಿನಕ್ಸ್ ಆವೃತ್ತಿ ಇದ್ದೂ ವರ್ಷಗಳಿಂದ ಅಪ್‌ಡೇಟ್ ಕಾಣದೆ ಹಳತಾಗಿರುತ್ತದೆ. ಅಂಥ ಸಂದರ್ಭದಲ್ಲಿ ಆಟದ ಪ್ರಾಪರ್ಟೀಸ್‌ಗೆ ಹೋಗಿ, ಕಂಪ್ಯಾಟಿಬಿಲಿಟಿ ವಿಭಾಗದಲ್ಲಿ ಪ್ರೋಟಾನ್ ಆರಿಸಿದರೆ ವಿಂಡೋಸ್ ಆವೃತ್ತಿ ಇಳಿಯುತ್ತದೆ. ಹೀಗೆ ಬದಲಾಯಿಸುವ ಮೊದಲು ಸೇವ್ ಫೈಲ್‌ಗಳನ್ನು ಬೇರೆಡೆ ನಕಲು ಮಾಡಿಟ್ಟುಕೊಳ್ಳಿ, ಏಕೆಂದರೆ ಎರಡು ಆವೃತ್ತಿಗಳೂ ಅವುಗಳನ್ನು ಬೇರೆ ಬೇರೆ ಫೋಲ್ಡರ್‌ಗಳಲ್ಲಿ ಇಡುತ್ತವೆ. ಈ ಎಚ್ಚರಿಕೆಯಿಲ್ಲದೆ ಆವೃತ್ತಿ ಬದಲಿಸಿದ ನಾನು, ಹಲವು ಸಂಜೆಗಳ ಆಟ ಕಾಣೆಯಾಯಿತೆಂದು ಕಂಗಾಲಾಗಿ ಅರ್ಧ ದಿನ ಹುಡುಕಿದ್ದೇನೆ.

ಇಚ್‌ನಿಂದ ಜಿಪ್ ರೂಪದಲ್ಲಿ ಇಳಿಸಿದ ಆಟವನ್ನು ಎಷ್ಟು ಕ್ಲಿಕ್ ಮಾಡಿದರೂ ತೆರೆಯದಿದ್ದರೆ, ಅದಕ್ಕೆ ಓಡುವ ಅನುಮತಿ ಇಲ್ಲವೆಂದೇ ಹೆಚ್ಚಾಗಿ ಅರ್ಥ. ಫೈಲ್ ಮ್ಯಾನೇಜರ್‌ನಲ್ಲಿ ಆ ಕಡತದ ಪ್ರಾಪರ್ಟೀಸ್ ತೆರೆದು, ಪ್ರೋಗ್ರಾಂ ಆಗಿ ಓಡಲು ಅನುಮತಿಸುವ ಗುರುತನ್ನು ಹಾಕಿದರೆ ಸರಿಹೋಗುತ್ತದೆ. ಜಿಒಜಿಯ ಇನ್‌ಸ್ಟಾಲರ್‌ಗೂ ಇದೇ ಮಾತು ಅನ್ವಯಿಸುತ್ತದೆ. ಜಿಒಜಿಯ ಗ್ಯಾಲಕ್ಸಿ ಆ್ಯಪ್ ಲಿನಕ್ಸ್‌ಗೆ ಬರದೇ ಇದ್ದುದರಿಂದ ‘ಹೀರೋಯಿಕ್’, ‘ಲೂಟ್ರಿಸ್’ ಎಂಬ ಮುಕ್ತ ತಂತ್ರಾಂಶಗಳನ್ನು ಹಲವರು ಬಳಸುತ್ತಾರೆ.

ಕೆಟ್ಟಾಗ ನೋಡಬೇಕಾದ ಜಾಗಗಳು

ಆಟಗಳನ್ನು ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಮಾದರಿಯ ಪಾರ್ಟಿಷನ್‌ನಲ್ಲಿ (ಡಿಸ್ಕಿನ ಭಾಗದಲ್ಲಿ) ಇಟ್ಟಿದ್ದರೆ ಮೊದಲ ಅನುಮಾನ ಅದರ ಮೇಲಿರಲಿ. ಪ್ರೋಟಾನ್ ತನ್ನ ಫೋಲ್ಡರ್‌ಗಳಿಗೆ ಬಳಸುವ ಕೆಲವು ಹೆಸರುಗಳಲ್ಲಿ ಕೋಲನ್ ಚಿಹ್ನೆ ಇರುತ್ತದೆ. ವಿಂಡೋಸ್‌ನಲ್ಲಿ ಅಂಥ ಹೆಸರುಗಳಿಗೆ ಅವಕಾಶವಿಲ್ಲ. ಹಾಗಾಗಿ ಆ ಪಾರ್ಟಿಷನ್‌ನಲ್ಲಿ ತೊಡಕುಗಳು ಏಳುತ್ತವೆ. ಸ್ಟೀಮನ್ನು ಉಳಿದ ವ್ಯವಸ್ಥೆಯಿಂದ ಪ್ರತ್ಯೇಕವಾಗಿ ಓಡುವ ಫ್ಲ್ಯಾಟ್‌ಪ್ಯಾಕ್ ರೂಪದಲ್ಲಿ ಹಾಕಿಕೊಂಡವರಿಗೆ ಎರಡನೆಯ ಡಿಸ್ಕ್ ಕಾಣದಿದ್ದರೆ, ಅನುಮತಿಗಳನ್ನು ಬದಲಿಸುವ ‘ಫ್ಲ್ಯಾಟ್‌ಸೀಲ್’ ಆ್ಯಪ್ ಮೂಲಕ ಅದಕ್ಕೆ ಅನುಮತಿ ಕೊಡಬೇಕು.

ಇನ್ನೊಂದು ದೋಷವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅದು ಆಡುವವರ ಕಂಪ್ಯೂಟರಿನ ತಪ್ಪಲ್ಲ. ವಿಂಡೋಸ್ ಸಾಮಾನ್ಯವಾಗಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳ ವ್ಯತ್ಯಾಸವನ್ನು ಕಡತದ ಹೆಸರಿನಲ್ಲಿ ಗಣಿಸುವುದಿಲ್ಲ, ಲಿನಕ್ಸ್ ಗಣಿಸುತ್ತದೆ. ಸಂಗೀತದ ಕಡತದ ಹೆಸರು ದೊಡ್ಡಕ್ಷರದಿಂದ ಆರಂಭವಾಗಿದ್ದು, ಕೋಡ್‌ನಲ್ಲಿ ಅದನ್ನೇ ಸಣ್ಣಕ್ಷರದಲ್ಲಿ ಬರೆದಿದ್ದರೆ, ವಿಂಡೋಸ್‌ನಲ್ಲಿ ಹಾಡು ಕೇಳಿಸುತ್ತದೆ, ಲಿನಕ್ಸ್ ಆವೃತ್ತಿಯಲ್ಲಿ ಮೌನ. ಆಟ ಕಟ್ಟಿದವರು ತಮ್ಮ ಯಂತ್ರದಲ್ಲಿ ಎಷ್ಟು ಬಾರಿ ಪರೀಕ್ಷಿಸಿದರೂ ಇದು ಅವರಿಗೆ ಗೊತ್ತಾಗುವುದಿಲ್ಲ. ನಾವು ತಿಳಿಸಿದರೆ ಐದು ನಿಮಿಷದಲ್ಲಿ ಸರಿಪಡಿಸಬಹುದು.

ದೋಷ ವರದಿ ಬರೆಯುವುದು

ನನ್ನ ಅಭಿಪ್ರಾಯದಲ್ಲಿ, ಹಣ ಕೊಟ್ಟ ಮೇಲೆ ಲಿನಕ್ಸ್ ಆಟಗಾರರು ಮಾಡಬಹುದಾದ ಅತಿ ದೊಡ್ಡ ಉಪಕಾರ ಇದು. ‘ಡೆಲ್ಟಾ-ವಿ: ರಿಂಗ್ಸ್ ಆಫ್ ಸ್ಯಾಟರ್ನ್’ ಎಂಬ ಇಂಡೀ ಆಟದ ಡೆವಲಪರ್ 2021ರಲ್ಲಿ ತಮ್ಮ ಲೆಕ್ಕವನ್ನು ಬಹಿರಂಗಪಡಿಸಿದ್ದರು. ಆಟ ಕೊಂಡವರಲ್ಲಿ ಲಿನಕ್ಸ್ ಬಳಸುವವರು ಶೇ 6ಕ್ಕಿಂತ ಕಡಿಮೆ. ಆದರೆ ಬಂದ ದೋಷ ವರದಿಗಳಲ್ಲಿ ಶೇ 38ರಷ್ಟು ಅವರವೇ. ಇಷ್ಟನ್ನೇ ಕೇಳಿದರೆ ಲಿನಕ್ಸ್ ಎಂದರೆ ತಲೆನೋವು ಎನ್ನಿಸಬಹುದು. ಆದರೆ ಆ ಸುಮಾರು 400 ವರದಿಗಳಲ್ಲಿ ಲಿನಕ್ಸ್‌ಗೆ ಮಾತ್ರ ಸಂಬಂಧಿಸಿದವು 3; ಉಳಿದವು ಎಲ್ಲ ಆಟಗಾರರನ್ನೂ ಕಾಡುತ್ತಿದ್ದ, ಆದರೆ ಬೇರೆಯವರು ಹೇಳದೆ ಬಿಟ್ಟಿದ್ದ ದೋಷಗಳು. ಆ ವರದಿಗಳ ಗುಣಮಟ್ಟವನ್ನೂ ಆ ಡೆವಲಪರ್ ಮನಸಾರೆ ಮೆಚ್ಚಿಕೊಂಡಿದ್ದರು.

ಅಂಥ ವರದಿಯಲ್ಲಿ ಏನಿರಬೇಕು? ಏನು ಮಾಡಿದಾಗ ದೋಷ ಕಾಣಿಸಿತು, ಅದೇ ಕ್ರಮದಲ್ಲಿ ಮತ್ತೆ ಮಾಡಿದರೆ ಮರುಕಳಿಸುತ್ತದೆಯೇ, ಏನಾಗಬೇಕಿತ್ತು, ಏನಾಯಿತು ಎಂಬುದನ್ನು ಮೊದಲು ಬರೆಯಿರಿ. ಡಿಸ್ಟ್ರೋ ಹೆಸರು, ಗ್ರಾಫಿಕ್ಸ್ ಕಾರ್ಡ್ ಮತ್ತು ಡ್ರೈವರ್ ಆವೃತ್ತಿಗಳನ್ನು ಸೇರಿಸಿ. ಸ್ಟೀಮ್‌ನ ಹೆಲ್ಪ್ ಮೆನುವಿನಲ್ಲಿರುವ ಸಿಸ್ಟಂ ಇನ್ಫರ್ಮೇಷನ್‌ನಲ್ಲಿ ಇವೆಲ್ಲ ಒಂದೇ ಕಡೆ ಸಿಗುತ್ತವೆ. ಆಟ ಓಡುವಾಗ ನಡೆದದ್ದನ್ನು ದಾಖಲಿಸುವ ಲಾಗ್ ಕಡತವನ್ನೂ ಲಗತ್ತಿಸಿ. ಯೂನಿಟಿ ಎಂಬ ಎಂಜಿನ್‌ನಲ್ಲಿ (ಆಟ ಕಟ್ಟಲು ಬಳಸುವ ತಂತ್ರಾಂಶದಲ್ಲಿ) ಕಟ್ಟಿದ ಆಟವಾದರೆ ಲಾಗ್ ಸಾಮಾನ್ಯವಾಗಿ ಹೋಮ್ ಫೋಲ್ಡರ್‌ನ ಒಳಗೆ ಅಡಗಿರುವ ಕಾನ್ಫಿಗ್ ಫೋಲ್ಡರ್‌ನಲ್ಲಿ ಯೂನಿಟಿ3ಡಿ ಎಂಬ ಹೆಸರಿನಡಿ ಇರುತ್ತದೆ. ಕಳಿಸುವ ಮೊದಲು ಒಮ್ಮೆ ಓದಿ, ನಿಮ್ಮ ಹೆಸರು ಇತ್ಯಾದಿ ಖಾಸಗಿ ವಿವರಗಳಿದ್ದರೆ ಅಳಿಸಿ.

ಆಡಿದ್ದು ಲಿನಕ್ಸ್ ಆವೃತ್ತಿಯೋ ಪ್ರೋಟಾನ್ ಮೂಲಕವೋ ಎಂಬುದನ್ನು ಮುಚ್ಚಿಡದೆ ಹೇಳಬೇಕು. ಪ್ರೋಟಾನ್‌ನಲ್ಲಿ ಮಾತ್ರ ಕಾಣುವ ದೋಷವನ್ನು ವಾಲ್ವ್ ಸಂಸ್ಥೆ ಗಿಟ್‌ಹಬ್ ತಾಣದಲ್ಲಿ ಇಟ್ಟಿರುವ ಪ್ರೋಟಾನ್ ಪುಟಕ್ಕೆ ವರದಿ ಮಾಡುವುದು ಸೂಕ್ತ. ಲಿನಕ್ಸ್ ಬೆಂಬಲದ ಭರವಸೆಯನ್ನೇ ಕೊಡದ ಒಬ್ಬ ಡೆವಲಪರ್ ಮೇಲೆ ಆ ಹೊರೆಯನ್ನು ಹೊರಿಸುವುದು ನ್ಯಾಯವಲ್ಲ.

ಕೊಂಡ ಮೇಲೂ, ಕೊಳ್ಳುವ ಮೊದಲೂ

ಸ್ಟೀಮ್‌ನಲ್ಲಿ ಆಟವೊಂದಕ್ಕೆ ಕನಿಷ್ಠ 10 ವಿಮರ್ಶೆಗಳು ಬರುವವರೆಗೆ ಒಟ್ಟಾರೆ ಅಭಿಪ್ರಾಯದ ಅಂಕ ಕಾಣಿಸುವುದಿಲ್ಲ. ಹೆಸರಾಂತ ಆಟಕ್ಕೆ ನಿಮ್ಮ ನಾಲ್ಕು ಸಾಲು ಲೆಕ್ಕಕ್ಕಿರಲಾರದು. ಏಳು ವಿಮರ್ಶೆಗಳಲ್ಲಿ ನಿಂತಿರುವ ಸಣ್ಣ ಆಟಕ್ಕೆ ಅವು ಬಹಳ ಬೆಲೆಬಾಳುತ್ತವೆ. ಆಟ ಇಷ್ಟವಾಗಿದ್ದರೆ ಬರೆಯಿರಿ, ಲಿನಕ್ಸ್‌ನಲ್ಲಿ ಹೇಗೆ ನಡೆಯಿತೆಂಬುದನ್ನು ಒಂದು ವಾಕ್ಯದಲ್ಲಿ ಸೇರಿಸಿ. ಇನ್ನೂ ಬಿಡುಗಡೆಯಾಗದ ಆಟವನ್ನು ವಿಶ್‌ಲಿಸ್ಟ್‌ಗೆ ಸೇರಿಸಿಟ್ಟರೆ, ಬಿಡುಗಡೆಗೆ ಮುನ್ನವೇ ಆಟಕ್ಕೆಷ್ಟು ಬೇಡಿಕೆಯಿದೆಯೆಂಬ ಅಂದಾಜು ಅದನ್ನು ಕಟ್ಟುತ್ತಿರುವವರಿಗೆ ಸಿಗುತ್ತದೆ.

ಲಿನಕ್ಸ್ ಆವೃತ್ತಿ ಬೇಕೆಂದು ಕೇಳುವುದಾದರೆ ಆಟವನ್ನು ಯಾವ ಎಂಜಿನ್‌ನಲ್ಲಿ ಕಟ್ಟಿದ್ದಾರೆಂದು ಮೊದಲು ತಿಳಿದುಕೊಳ್ಳಿ. 2014ರಲ್ಲಿ ಮುಕ್ತ ತಂತ್ರಾಂಶವಾದ ‘ಗೋಡೋ’ ಎಂಜಿನ್‌ನಲ್ಲಿ ಲಿನಕ್ಸ್‌ಗೆ ಆಟವನ್ನು ಸಿದ್ಧಪಡಿಸುವುದು ಅಷ್ಟೇನೂ ಕಷ್ಟವಲ್ಲ. ಪರೀಕ್ಷಿಸುವವರು ಸಿಗದಿರುವುದೇ ಸಾಮಾನ್ಯವಾಗಿ ದೊಡ್ಡ ಅಡ್ಡಿ. ಆದ್ದರಿಂದ ಬರೀ ಕೇಳುವ ಬದಲು, ನಾನೇ ಪರೀಕ್ಷಿಸಿ ಕೊಡುತ್ತೇನೆಂದು ಬರೆಯಿರಿ. ಸ್ಟೀಮ್ ವರ್ಷಕ್ಕೆ ಮೂರು ಬಾರಿ ನಡೆಸುವ ‘ನೆಕ್ಸ್ಟ್ ಫೆಸ್ಟ್’ನಲ್ಲಿ ಬಿಡುಗಡೆಗೆ ಹತ್ತಿರವಾದ ಆಟಗಳ ಡೆಮೊಗಳು ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ಎರಡು ಮೂರನ್ನು ಆರಿಸಿ, ಲಿನಕ್ಸ್‌ನಲ್ಲಿ ಆಡಿ, ಮೇಲಿನ ಕ್ರಮದಲ್ಲಿ ವರದಿ ಕಳಿಸಿದರೆ, ದೋಷವನ್ನು ತಿದ್ದಲು ಬಿಡುಗಡೆಗೆ ಮೊದಲೇ ಡೆವಲಪರ್‌ಗೆ ಸಮಯ ಸಿಗುತ್ತದೆ.